ಎಚ್-ಇಂಡೆಕ್ಸ್ 1 ಇದೆ, ಮಾರ್ಚ್ ಒಳಗೆ ಎರಡು ಸ್ಕೋಪಸ್ ಪೇಪರ್ ಬೇಕಂತೆ

ಕೌಲ್‌ಬಜಾರ್ ಮೇಡಂ, ಬಳ್ಳಾರಿ

ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಎಂಬಿಎ ಮಕ್ಕಳಿಗೆ ಫೈನಾನ್ಸ್ ಪಾಠ ಮಾಡುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲ್ ಕೆಲಸ ಶುರುವಾಗಿದೆ. ಸಂಶೋಧನೆಯ ಭಾಗ ನನ್ನ ತಲೆಗೆ ಕಟ್ಟಿದ್ದಾರೆ. ಸೋಮವಾರ ಮೀಟಿಂಗ್‌ನಲ್ಲಿ ಡೈರೆಕ್ಟರ್ ಎಲ್ಲರ ಎಚ್-ಇಂಡೆಕ್ಸ್ (ನಮ್ಮ ಪೇಪರ್‌ಗಳಿಗೆ ಬೇರೆ ಪೇಪರ್‌ಗಳಲ್ಲಿ ಸಿಕ್ಕ ಉಲ್ಲೇಖ, ಅಂದರೆ ಸೈಟೇಶನ್, ನೋಡಿ ಕೊಡುವ ಅಂಕಿ) ಪರದೆ ಮೇಲೆ ಹಾಕಿದರು. ನನ್ನ ಹೆಸರಿನ ಮುಂದೆ 1. ಪಕ್ಕದವರು ಸುಮ್ನೆ ಕೆಮ್ಮಿದರು.

ನನ್ನ ಪಿಎಚ್‌ಡಿ ನಮ್ಮೂರ ಜೀನ್ಸ್ ಮೇಲೆ. ಎರಡು ಬೇಸಿಗೆ ಯೂನಿಟ್‌ನಿಂದ ಯೂನಿಟ್‌ಗೆ ತಿರುಗಿದ್ದೇನೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ಯಾರದೋ ಮನೆಯಲ್ಲಿ, ವಾಷಿಂಗ್ ಮತ್ತೊಂದು ಕಡೆ. ಬಟ್ಟೆಗೆ ದುಡ್ಡು ಮೊದಲೇ ಹೋಗುತ್ತದೆ. ಮಾಲು ಒಯ್ದ ಪಾರ್ಟಿ ಕೊಡುವುದು ತಿಂಗಳುಗಟ್ಟಲೆ ತಡ. ಅಷ್ಟರಲ್ಲಿ ಒಂದು ಪ್ಯಾಂಟಿನ ಲಾಭದಲ್ಲಿ ಬಡ್ಡಿ ಎಷ್ಟು ತಿನ್ನುತ್ತದೆ ಅಂತ ಲೆಕ್ಕ ಹಾಕಿದ್ದೆ. ಒಬ್ಬ ಮಾಲೀಕರು ಆ ಹಾಳೆಯನ್ನು ಓವರ್‌ಲಾಕ್ ಮಷೀನಿನ ಮೇಲೆ ಗೋಡೆಗೆ ಅಂಟಿಸಿದ್ದಾರೆ. ಮೂಲೆ ಎಣ್ಣೆ ಕುಡಿದು ಹಳದಿಯಾಗಿದೆ. ಹೊಸ ಆರ್ಡರ್ ಬಂದರೆ ಅದನ್ನು ನೋಡಿಯೇ ರೇಟು ಹೇಳುತ್ತಾರೆ.

ಆ ಪೇಪರಿಗೆ ಸಿಕ್ಕಿದ್ದು ಒಂದೇ ಸೈಟೇಶನ್. ಅದೂ ನನ್ನ ಗೈಡ್ ಹಾಕಿದ್ದು.

ಇವತ್ತು ಮೇಲ್ ಬಂದಿದೆ. ಸ್ಕೋಪಸ್ ಅನ್ನುವ ದೊಡ್ಡ ಸಂಶೋಧನಾ ಪಟ್ಟಿಯಲ್ಲಿರುವ ಜರ್ನಲ್ಲಂತೆ, ಹದಿನೈದು ದಿನದಲ್ಲಿ ಪ್ರಕಟಣೆ ಗ್ಯಾರಂಟಿಯಂತೆ, 18,000 ರೂಪಾಯಿ. ಕಟ್ಟಿಬಿಡಲಾ?

ಲೈಬ್ರರಿಯವ, ರಾಯಚೂರು

ಕಟ್ಟಬೇಡಿ ಮೇಡಂ. ಗ್ಯಾರಂಟಿ ಅಂದಲ್ಲೇ ಗೊತ್ತಾಯಿತಲ್ಲ. ಪೇಪರ್ ಓದದೆ ಗ್ಯಾರಂಟಿ ಕೊಡುವುದು ಹೇಗೆ?

ಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಸ್ಕೋಪಸ್‌ನ ಜರ್ನಲ್ ಪಟ್ಟಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು, ಅಲ್ಲಿ ಜರ್ನಲ್‌ನ ಗುರುತಿನ ನಂಬರು ಐಎಸ್‌ಎಸ್‌ಎನ್ ಹಾಕಿ ಹುಡುಕಿ. ಸೇರಿಸಿಕೊಂಡು ಆಮೇಲೆ ಕೈಬಿಟ್ಟ ಜರ್ನಲ್‌ಗಳೂ ಇವೆ, ಆದ್ದರಿಂದ ಯಾವ ವರ್ಷದವರೆಗೆ ಅಂತ ನೋಡಿಕೊಳ್ಳಿ. ಹೆಸರು ಸರಿ ಇದೆ ಅಂತಲೂ ನಂಬಬೇಡಿ. ನಿಜವಾದ ಜರ್ನಲ್‌ನ ಹೆಸರು, ನಂಬರು ಎಲ್ಲ ಕದ್ದು ನಕಲಿ ವೆಬ್‌ಸೈಟ್ ಮಾಡುವವರಿದ್ದಾರೆ.

ಮೊದಲಾದರೆ ಒಪ್ಪಿತ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿ ಅಂತ ಒಂದಿತ್ತು. 2025ರ ಫೆಬ್ರವರಿಯಲ್ಲಿ ಯುಜಿಸಿಯೇ ಅದನ್ನು ನಿಲ್ಲಿಸಿತು. ಈಗ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಆರಿಸುವ ಹೊಣೆ ಕಾಲೇಜಿನದೇ. ಇಂಥ ಮೇಲ್‌ಗಳಿಗೆ ಸುಗ್ಗಿ.

ಕಾಮರ್ಸ್ ಮೇಷ್ಟ್ರು, ಕೊಪ್ಪಳ

ನಾನು ಸ್ವಲ್ಪ ನಿಮ್ಮ ಡೈರೆಕ್ಟರ್ ಪರ ಮಾತಾಡುತ್ತೇನೆ, ಬೈಬೇಡಿ. ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್‌ನ ಮ್ಯಾನೇಜ್‌ಮೆಂಟ್ ರ‍್ಯಾಂಕಿಂಗ್‌ನಲ್ಲಿ 100ಕ್ಕೆ 30 ಅಂಕ ಸಂಶೋಧನೆ ಮತ್ತು ವೃತ್ತಿಪರ ಕೆಲಸಕ್ಕೇ. ಪೇಪರ್, ಸೈಟೇಶನ್ ಎಣಿಸುವುದು ಸ್ಕೋಪಸ್ ಮತ್ತು ಅಂಥದ್ದೇ ಆದ ವೆಬ್ ಆಫ್ ಸೈನ್ಸ್ ಪಟ್ಟಿಗಳಿಂದ. ಮೇಲಿನಿಂದ ಕೇಳಿದ್ದನ್ನು ಅವರು ಕೆಳಗೆ ದಾಟಿಸುತ್ತಿದ್ದಾರೆ.

ಎಚ್-ಇಂಡೆಕ್ಸ್ ಬಗ್ಗೆ ಮಾತ್ರ ಕೊರಗಬೇಡಿ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ತಮ್ಮ ಕ್ಷೇತ್ರದವರನ್ನು ಅಳೆಯಲು ಕಟ್ಟಿದ ಲೆಕ್ಕ ಅದು. ನಿಮ್ಮ ನಾಲ್ಕು ಪೇಪರಿಗೆ 9, 4, 3, 1 ಸೈಟೇಶನ್ ಇದ್ದರೆ ಇಂಡೆಕ್ಸ್ 3, ಯಾಕೆಂದರೆ ಮೂರು ಪೇಪರಿಗೆ ತಲಾ ಮೂರಾದರೂ ಇವೆ. ಒಂದೇ ಪೇಪರ್ ಬರೆದು ಅದಕ್ಕೆ 200 ಬಂದರೂ ಇಂಡೆಕ್ಸ್ 1. ಅಂದರೆ ನಿಮ್ಮಷ್ಟೇ!

ನಿಮ್ಮ ಪೇಪರ್ ಹುಡುಕಿ ಓದಿದೆ. ಚೆನ್ನಾಗಿದೆ. ಆದರೆ ಶೀರ್ಷಿಕೆಯಲ್ಲಿ ಬಳ್ಳಾರಿ, ಕೀವರ್ಡ್‌ನಲ್ಲಿ ಬಳ್ಳಾರಿ, ಜೀನ್ಸ್. ನೀವು ಬರೆದಿದ್ದು ಉದ್ರಿ ಬಗ್ಗೆ, ಅಲ್ವಾ? ಅದಕ್ಕೆ ಪ್ರಪಂಚದ ತುಂಬ ಟ್ರೇಡ್ ಕ್ರೆಡಿಟ್ ಅನ್ನುತ್ತಾರೆ. ಆ ಎರಡು ಪದ ಎಲ್ಲೂ ಇಲ್ಲ. ತಿರುಪ್ಪೂರಿನ ಬನಿಯನ್ ಬಗ್ಗೆ ಬರೆಯುವವರಿಗೆ ನೀವು ಸಿಗುವುದಾದರೂ ಹೇಗೆ?

ಇನ್ನೊಂದು. 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅಂತ ಒಂದು ನಿಯಮ ಸೇರಿಸಿದರು. ಉದ್ಯಮ್ ಎಂಬ ಸರ್ಕಾರಿ ನೋಂದಣಿ ಇರುವ ಸಣ್ಣ ಯೂನಿಟ್‌ಗೆ, ಕರಾರು ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ, ನಿಜವಾಗಿ ಕೊಟ್ಟ ವರ್ಷದವರೆಗೆ ಖರೀದಿದಾರನಿಗೆ ಆ ಖರ್ಚು ತೋರಿಸಲು ಬರುವುದಿಲ್ಲ. ನಿಮ್ಮ ಹತ್ತಿರ ಅದಕ್ಕಿಂತ ಮುಂಚಿನ ಲೆಕ್ಕ ಇದೆ. ಅದೇ ಯೂನಿಟ್‌ಗಳಿಗೆ ಮತ್ತೆ ಹೋಗಿ, ಉದ್ರಿ ದಿನ ಕಮ್ಮಿಯಾಯಿತಾ ಕೇಳಿ. ಅಹಮದಾಬಾದ್ ಐಐಎಂನ ‘ವಿಕಲ್ಪ’ದಂಥ ಜರ್ನಲ್‌ಗೆ ಕಳಿಸುವ ಸರಕು. ಮಾರ್ಚ್ ಒಳಗಂತೂ ಆಗಲ್ಲ.

ಗಂಗಾವತಿ ರೈಸ್‌ಮಿಲ್

ಮೇಡಂ, ನಾನು ನಿಮ್ಮ ಹಳೇ ಸ್ಟೂಡೆಂಟ್. ಆ ಹಾಳೆ ನಮಗೂ ಮಾಡಿಕೊಡಿ. ನಮ್ಮಲ್ಲಿ ಭತ್ತಕ್ಕೆ ಕ್ಯಾಶ್, ಅಕ್ಕಿಗೆ ಉದ್ರಿ. ಕಾಲೇಜಿನ ಹೆಸರಿಗೇ ಚೆಕ್ ಕೊಡ್ತೀನಿ, ಕನ್ಸಲ್ಟೆನ್ಸಿ ಅಂತ ತೋರಿಸಿಕೊಳ್ಳಿ.

ಕಾಮರ್ಸ್ ಮೇಷ್ಟ್ರು, ಕೊಪ್ಪಳ

ತಮಾಷೆ ಅಲ್ಲ ಮೇಡಂ. ನಾನು ಹೇಳಿದ ಆ 30 ಅಂಕದಲ್ಲಿ ಕನ್ಸಲ್ಟೆನ್ಸಿ ದುಡ್ಡಿಗೂ ಪಾಲಿದೆ. ಗೋಡೆಗೆ ಅಂಟಿಸಿದ ಹಾಳೆಗೆ ಅಂಕ ಇಲ್ಲ, ರಸೀದಿ ಹರಿದರೆ ಇದೆ!

ಕೌಲ್‌ಬಜಾರ್ ಮೇಡಂ, ಬಳ್ಳಾರಿ

ಮೇಲ್ ಡಿಲೀಟ್ ಮಾಡಿದೆ. ಲೈಬ್ರರಿ ಸರ್ ಹೇಳಿದಂತೆ ಐಎಸ್‌ಎಸ್‌ಎನ್ ಹಾಕಿ ನೋಡಿದ್ದೆ. ಬಂದಿದ್ದು ಮೀನು ಸಾಕಣೆಯ ಜರ್ನಲ್!

ಟ್ರೇಡ್ ಕ್ರೆಡಿಟ್ ಮಾತು ಚುಚ್ಚಿತು ಸರ್. ನಿಜ.

ಆ ಮಾಲೀಕರಿಗೆ ಈಗಷ್ಟೇ ಫೋನ್ ಮಾಡಿದ್ದೆ. ಉದ್ಯಮ್ ಮಾಡಿಸಿದ್ದೀರಾ, 45 ದಿನದಲ್ಲಿ ಪೇಮೆಂಟ್ ಬರ್ತಿದೆಯಾ ಅಂದೆ. “ಮಾಡಿಸಿ ಇಟ್ಟೀನಿ ಮೇಡಂ. ಬಿಲ್ ಮೇಲೆ ಮಾತ್ರ ಹಾಕಿಲ್ಲ. ಹಾಕಿದರೆ ಪಾರ್ಟಿ ಉದ್ಯಮ್ ಇಲ್ಲದವನ ಹತ್ತಿರ ಹೋಗ್ತಾನೆ” ಅಂದರು. ಇದು ಯಾವ ಪ್ರಶ್ನಾವಳಿಯಲ್ಲೂ ಬರುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದೇನೆ.

ಮಿಲ್‌ನವರೇ, ಚೆಕ್ ಬೇಡ, ಮೊದಲು ಹೋದ ವರ್ಷದ ಉದ್ರಿ ಖಾತೆ ತೆಗೆದಿಡಿ.