ಉಬುಂಟು 24.04ಕ್ಕೆ ಏರಿಸಿದ ಮೇಲೆ ವೈಫೈ ಅಡಾಪ್ಟರೇ ಕಾಣೆ (ರಿಯಲ್‌ಟೆಕ್ 8821ಸಿಇ)

ಕಾಫಿಕಣ:

ಉಬುಂಟು 20.04 ಇದ್ದ ಲ್ಯಾಪ್‌ಟಾಪನ್ನು 22.04ಕ್ಕೆ, ಅಲ್ಲಿಂದ 24.04ಕ್ಕೆ ಏರಿಸಿದ್ದೇನೆ. ಎರಡೂ ಹೆಜ್ಜೆ ಕೇಬಲ್ ಮೇಲೇ ನಡೆದಿದ್ದರಿಂದ ನಡುವೆ ವೈಫೈ ಪರೀಕ್ಷಿಸಿರಲಿಲ್ಲ. ಈಗ ನೋಡಿದರೆ ವೈಫೈ ಪೂರ್ತಿ ಇಲ್ಲ. ಪಾಸ್‌ವರ್ಡ್ ತಪ್ಪು, ಸಿಗ್ನಲ್ ಕಮ್ಮಿ ಅನ್ನೋ ಥರದ ತೊಂದರೆ ಅಲ್ಲ ಇದು. ಸೆಟ್ಟಿಂಗ್ಸ್ ತೆರೆದರೆ ಅಡಾಪ್ಟರೇ ಸಿಕ್ಕಿಲ್ಲ ಅನ್ನುತ್ತೆ.

ಇಲ್ಲಿವರೆಗೆ ನೋಡಿದ್ದು ಇಷ್ಟು. (ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಅಂತ ಇಲ್ಲಿ ಎಲ್ಲರಿಗೂ ಗೊತ್ತಿರುತ್ತೆ.)

'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಟ್ಟರೆ ಕಾರ್ಡ್ ಕಾಣುತ್ತೆ, ಐಡಿ 10ಇಸಿ:ಸಿ821. 'ಕರ್ನಲ್ ಮಾಡ್ಯೂಲ್ಸ್' (ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಸೇರುವ ಡ್ರೈವರ್ ತುಣುಕುಗಳು) ಸಾಲಿನಲ್ಲಿ ಆರ್‌ಟಿಡಬ್ಲ್ಯೂ88_8821ಸಿಇ ಅಂತಲೂ ಇದೆ. ಆದರೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನೋ ಸಾಲೇ ಇಲ್ಲ. 'ಆರ್‌ಎಫ್‌ಕಿಲ್ ಲಿಸ್ಟ್'ನಲ್ಲಿ ಬ್ಲೂಟೂತ್ ಮಾತ್ರ ಇದೆ. 20.04ರಲ್ಲಿ ಈ ಕಾರ್ಡ್‌ಗೆ ಹೊರಗಿನಿಂದ ಸೋರ್ಸ್ ತಂದು ಡಿಕೆಎಂಎಸ್ (ಕರ್ನಲ್ ಬದಲಾದಾಗೆಲ್ಲ ಹೊರಗಿನ ಡ್ರೈವರನ್ನು ಮತ್ತೆ ಬಿಲ್ಡ್ ಮಾಡುವ ವ್ಯವಸ್ಥೆ) ಮೂಲಕ ಡ್ರೈವರ್ ಹಾಕಲಾಗಿತ್ತು. ಈಗ 'ಡಿಕೆಎಂಎಸ್ ಸ್ಟೇಟಸ್' ಕೇಳಿದರೆ ಆರ್‌ಟಿಎಲ್8821ಸಿಇ ಮುಂದೆ 'ಆಡೆಡ್' ಅಂತಷ್ಟೇ ಬರುತ್ತೆ, 'ಇನ್‌ಸ್ಟಾಲ್ಡ್' ಅಂತ ಇಲ್ಲ.

24.04ರ ಪೆನ್‌ಡ್ರೈವ್ ಹಾಕಿ ಲೈವ್ ಆಗಿ ಬೂಟ್ ಮಾಡಿದರೆ ವೈಫೈ ಸಲೀಸಾಗಿ ಬರುತ್ತೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದು ಲೋಡ್ ಆಗದಂತೆ ತಡೆಯೋ ಸೌಲಭ್ಯ) ಆನ್ ಇದೆ. ಆ ಹಳೇ ಡ್ರೈವರನ್ನೇ ಹೊಸ ಕರ್ನಲ್‌ಗೆ ಮತ್ತೆ ಬಿಲ್ಡ್ ಮಾಡಬೇಕಾ, ಬೇರೆ ದಾರಿ ಇದೆಯಾ?

ಕರಿಪರದೆ:

ಮತ್ತೆ ಬಿಲ್ಡ್ ಮಾಡೋಕೆ ಹೋಗಬೇಡಿ. ಲೈವ್‌ನಲ್ಲಿ ಬರುತ್ತೆ ಅಂದರೆ ನಿಮಗೆ ಬೇಕಾದ ಡ್ರೈವರ್ ಕರ್ನಲ್ ಒಳಗೇ ಇದೆ ಅಂತ ಅರ್ಥ. ನಿಮ್ಮ ಡಿಸ್ಕ್‌ನಲ್ಲಿರೋ ಯಾವುದೋ ಹಳೇ ಸಾಲು ಅದನ್ನು ತಡೀತಿದೆ.

20.04ರ 5.4 ಕರ್ನಲ್‌ನಲ್ಲಿ ಈ ಚಿಪ್‌ಗೆ ಡ್ರೈವರ್ ಇರಲಿಲ್ಲ. ಅದಕ್ಕೇ ಎಲ್ಲರೂ ಹೊರಗಿನ ಡ್ರೈವರ್ ಹಾಕಿಕೊಳ್ಳುತ್ತಿದ್ದರು, ಅದರ ಮಾಡ್ಯೂಲ್ ಹೆಸರು ಬರೀ 8821ಸಿಇ. ಆಮೇಲೆ ಕರ್ನಲ್‌ಗೇ ಆರ್‌ಟಿಡಬ್ಲ್ಯೂ88 ಬಂತು. ಎರಡೂ ಒಂದೇ ಕಾರ್ಡ್‌ಗೆ ಜಗಳ ಆಡಬಾರದು ಅಂತ ಅನೇಕ ಗೈಡ್‌ಗಳು 'ಬ್ಲ್ಯಾಕ್‌ಲಿಸ್ಟ್ ಆರ್‌ಟಿಡಬ್ಲ್ಯೂ88_8821ಸಿಇ' ಅನ್ನೋ ಸಾಲು ಸೇರಿಸಲು ಹೇಳುತ್ತಿದ್ದವು. 24.04 ಬಂದಿದ್ದು 6.8 ಕರ್ನಲ್ ಜೊತೆ. ಕರ್ನಲ್ ಒಳಗಿನ ಫಂಕ್ಷನ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಹೊರಗಿನ ಸೋರ್ಸ್ ಅದಕ್ಕೆ ತಕ್ಕಂತೆ ತಿದ್ದದಿದ್ದರೆ ಬಿಲ್ಡ್ ಅಲ್ಲೇ ಮುಗ್ಗರಿಸುತ್ತೆ. ಹಳೆಯದು ಸತ್ತಿದೆ, ಅದು ಹಾಕಿಸಿದ ಬೀಗ ಮಾತ್ರ ಬಾಗಿಲಿನಲ್ಲೇ ಉಳಿದಿದೆ.

ಏನನ್ನೂ ತಿದ್ದುವ ಮೊದಲು ಇದು ಖಾತ್ರಿ ಮಾಡಿಕೊಳ್ಳಿ:

'ಸುಡೊ ಮಾಡ್‌ಪ್ರೋಬ್ ಆರ್‌ಟಿಡಬ್ಲ್ಯೂ88_8821ಸಿಇ'

ಬ್ಲ್ಯಾಕ್‌ಲಿಸ್ಟ್ ತಡೆಯೋದು ಬೂಟ್ ಹೊತ್ತಿನಲ್ಲಿ ತಾನಾಗಿ ಲೋಡ್ ಆಗೋದನ್ನು ಮಾತ್ರ. ಹೆಸರು ಹಿಡಿದು ಕೈಯಾರೆ ಕರೆದರೆ ಬಂದೇ ಬರುತ್ತೆ. ಈ ಕಮಾಂಡ್ ಕೊಟ್ಟು ಹತ್ತು ಸೆಕೆಂಡಿನಲ್ಲಿ ವೈಫೈ ಪಟ್ಟಿ ಕಾಣಿಸಿಕೊಂಡರೆ ತಪ್ಪಿತಸ್ಥ ಆ ಸಾಲೇ. ಆಗಲೂ ಬರದೆ ಎರರ್ ಕೊಟ್ಟರೆ ಆ ಎರರನ್ನು ಪೂರ್ತಿ ಇಲ್ಲಿ ಹಾಕಿ. ಕೆಲವರು ಬ್ಲ್ಯಾಕ್‌ಲಿಸ್ಟ್ ಬದಲು 'ಇನ್‌ಸ್ಟಾಲ್ ... /ಬಿನ್/ಫಾಲ್ಸ್' ಅಂತ ಬರೆದಿರುತ್ತಾರೆ, ಅದಾದರೆ ಕೈಯಾರೆ ಕರೆಯೋದೂ ನಡೆಯಲ್ಲ.

ಬಂತು ಅಂದರೆ ಆ ಸಾಲನ್ನು ಹುಡುಕಿ:

'ಗ್ರೆಪ್ -ಆರ್ 8821 /ಇಟಿಸಿ/ಮಾಡ್‌ಪ್ರೋಬ್.ಡಿ /ಇಟಿಸಿ/ಮಾಡ್ಯೂಲ್ಸ್ /ಇಟಿಸಿ/ಮಾಡ್ಯೂಲ್ಸ್-ಲೋಡ್.ಡಿ'

ಇಲ್ಲಿ '-ಆರ್' ಸಣ್ಣಕ್ಷರ. ಸಿಕ್ಕ ಫೈಲ್ ತೆರೆದು ಆ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ, ಅಳಿಸೋ ಅಗತ್ಯ ಇಲ್ಲ. ಮಾಡ್ಯೂಲ್ಸ್ ಫೈಲ್‌ನಲ್ಲಿ ಬರೀ 8821ಸಿಇ ಅಂತ ಇದ್ದರೆ ಅದಕ್ಕೂ ಹ್ಯಾಶ್ ಹಾಕಿ. ಆಮೇಲೆ 'ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು' ಕೊಟ್ಟು ರೀಬೂಟ್ ಮಾಡಿ.

ತುದಿಬಂಡಿ:

ಮೇಲಿನ ಉತ್ತರ ಸರಿ ಐತಿ, ಆದ್ರ ಅಲ್ಲಿಗೇ ನಿಲ್ಲಸಬ್ಯಾಡ್ರಿ. ಸತ್ತ ಡಿಕೆಎಂಎಸ್ ಹಂಗೇ ಬಿಟ್ಟರ ಪ್ರತಿ ಕರ್ನಲ್ ಅಪ್‌ಡೇಟ್‌ನಾಗೂ ಅದು ಬಿಲ್ಡ್ ಆಗಾಕ ಹೋಗಿ ಫೇಲ್ ಆಗತೈತಿ, ಅದರ ಜೋಡಿ ಹೊಸ ಕರ್ನಲ್ ಪ್ಯಾಕೇಜ್ ಸೈತ ಅರ್ಧಕ್ಕ ನಿಲ್ಲತೈತಿ. ಏನರ ಇನ್‌ಸ್ಟಾಲ್ ಮಾಡಾಕ ಹೋದಾಗೆಲ್ಲ 'ಡಿಪಿಕೆಜಿ ರಿಟರ್ನ್ಡ್ ಆ್ಯನ್ ಎರರ್ ಕೋಡ್ (1)' ಅಂತ (ಡಿಪಿಕೆಜಿ ಅಂದ್ರ ಪ್ಯಾಕೇಜ್ ಹಾಕೂ ಪ್ರೋಗ್ರಾಂ) ಬರಾಕತ್ತಿದ್ರ ಅದಕ್ಕ ಇದೇ ಕಾರಣ ಇರಬಹುದು.

ತಗಿಯೂದು ಹಿಂಗ್ರಿ. ಮೊದಲ 'ಡಿಕೆಎಂಎಸ್ ಸ್ಟೇಟಸ್'ನಾಗ ಹೆಸರು ಮತ್ತ ಆವೃತ್ತಿ ಹೆಂಗ ಬಂದಿರತೈತೋ ಹಂಗೇ ಕಾಪಿ ಮಾಡಿಕೊಳ್ರಿ. 'ಸುಡೊ ಡಿಕೆಎಂಎಸ್ ರಿಮೂವ್' ಅಂತ ಬರದು, ಆ ಹೆಸರು/ಆವೃತ್ತಿ ಪೇಸ್ಟ್ ಮಾಡಿ, ಕಡೀಕ '--ಆಲ್' ಹಾಕ್ರಿ. ಆಮ್ಯಾಗ /ಯುಎಸ್‌ಆರ್/ಎಸ್‌ಆರ್‌ಸಿ ಒಳಗ ಅದೇ ಹೆಸರಿನ ಫೋಲ್ಡರ್ ಉಳದಿದ್ರ ಅದನ್ನೂ ತಗದುಹಾಕ್ರಿ. ಅಲ್ಲಿ ಲಿನಕ್ಸ್-ಹೆಡರ್ಸ್ ಅಂತನೂ ಫೋಲ್ಡರ್ ಇರತಾವ, ಅವನ್ನ ಮುಟ್ಟಬ್ಯಾಡ್ರಿ. ಕೊನೀಗ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ'. ಅರ್ಧಕ್ಕ ನಿಂತಿದ್ದ ಪ್ಯಾಕೇಜ್ ಆವಾಗ ಮುಗೀತಾವ.

ಸೋರ್ಸ್‌ನಿಂದ ಅಲ್ಲ, ಏಪಿಟಿಯಿಂದ (ಉಬುಂಟುದ ಪ್ಯಾಕೇಜ್ ಕಮಾಂಡ್) ಹಾಕಿದವರಾಗಿದ್ರ 'ರಿಮೂವ್' ಬ್ಯಾಡ, 'ಪರ್ಜ್' ಕೊಡ್ರಿ. ರಿಮೂವ್ ಕೊಟ್ರ /ಇಟಿಸಿ ಒಳಗಿನ ಅದರ ಕಾನ್ಫಿಗ್ ಫೈಲ್ ಹಂಗೇ ಇರತಾವ. ಕೈಲೆ ನೀವೇ ಬರದ ಫೈಲ್ ಮಾತ್ರ ಪರ್ಜ್‌ಗೂ ಸಿಗಂಗಿಲ್ಲ, ಅದನ್ನ ಗ್ರೆಪ್ ಮಾಡೇ ಹುಡುಕಬೇಕು.

ಕೇಬಲ್ ಪೋರ್ಟ್ ಇಲ್ಲದ ತೆಳ್ಳನ ಲ್ಯಾಪ್‌ಟಾಪ್‌ನವರು ಇದನ್ನ ಓದಾಕತ್ತಿದ್ರ: ಆಂಡ್ರಾಯ್ಡ್ ಫೋನನ್ನ ಯುಎಸ್‌ಬಿ ಕೇಬಲ್‌ಲೆ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡ್ರಿ. ಉಬುಂಟು ಅದನ್ನ ಕೇಬಲ್ ನೆಟ್‌ವರ್ಕ್ ಅಂತನ ತಿಳಕೋತೈತಿ, ಬ್ಯಾರೆ ಡ್ರೈವರ್ ಬೇಕಾಗಂಗಿಲ್ಲ. ಭಾಳಷ್ಟು ಫೋನ್‌ನಾಗ ಮನಿ ವೈಫೈನೂ ಅದರ ಮೂಲಕ ಹಾಯತೈತಿ, ಡೇಟಾ ಖರ್ಚಾಗಂಗಿಲ್ಲ. ಬರೇ ಚಾರ್ಜ್ ಆಗೂ ಅಗ್ಗದ ಕೇಬಲ್ ಇದ್ರ ಟೆದರಿಂಗ್ ಬಟನ್ ಆನೇ ಆಗಂಗಿಲ್ಲ, ಕೇಬಲ್ ಬದಲಿಸಿ ನೋಡ್ರಿ.

ಕರಿಪರದೆ:

ಡಿಪಿಕೆಜಿ ವಿಷಯ ಬಿಟ್ಟಿದ್ದೆ, ಒಳ್ಳೇದಾಯ್ತು ಹೇಳಿದ್ದು. ಸೆಕ್ಯೂರ್ ಬೂಟ್ ಬಗ್ಗೆಯೂ ಒಂದು ಮಾತು, ಪ್ರಶ್ನೆಯಲ್ಲಿ ಬಂದಿದೆ. ಕರ್ನಲ್ ಜೊತೆ ಬರೋ ಮಾಡ್ಯೂಲ್‌ಗಳಿಗೆ ಉಬುಂಟು ಸಹಿ ಇರುತ್ತೆ, ಹಾಗಾಗಿ ಆರ್‌ಟಿಡಬ್ಲ್ಯೂ88ಗೆ ಸೆಕ್ಯೂರ್ ಬೂಟ್ ಆಫ್ ಮಾಡೋದು ಬೇಕಿಲ್ಲ. ಅದು ಅಡ್ಡ ಬರೋದು ಡಿಕೆಎಂಎಸ್‌ನಲ್ಲಿ ಬಿಲ್ಡ್ ಆದವುಗಳಿಗೆ.

ಬ್ರಾಡ್‌ಕಾಮ್ ಬಿಸಿಎಂ43142 ಇರೋರಿಗೆ (ಐಡಿ 14ಇ4:4365) ಕರ್ನಲ್ ಒಳಗೆ ಡ್ರೈವರ್ ಇಲ್ಲ, 'ಡಬ್ಲ್ಯೂಎಲ್' ಅನ್ನೋ ಹೊರಗಿನದೇ ಗತಿ. ಅವರು ನನ್ನ ಮೊದಲ ಉತ್ತರ ಪಾಲಿಸಬೇಡಿ, ಅಲ್ಲಿ ಬ್ಲ್ಯಾಕ್‌ಲಿಸ್ಟ್ ಸಾಲುಗಳು ಇರಲೇಬೇಕು. ಅವರಿಗೆ ಮಾಡ್‌ಪ್ರೋಬ್ ಕೊಟ್ಟಾಗ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅಂತ ಬಂದರೆ ಮಾಡ್ಯೂಲ್‌ಗೆ ಸಹಿ ಹಾಕಿದ ಕೀಯನ್ನು (ಮೋಕ್) ನೋಂದಾಯಿಸಬೇಕು:

'ಸುಡೊ ಮೋಕ್‌ಯುಟಿಲ್ --ಇಂಪೋರ್ಟ್ /ವಿಎಆರ್/ಎಲ್‌ಐಬಿ/ಶಿಮ್-ಸೈನ್ಡ್/ಮೋಕ್/ಮೋಕ್.ಡಿಇಆರ್'

ಕೊನೆಯ ಫೈಲ್ ಹೆಸರಿನಲ್ಲಿ 'ಮೋಕ್' ಮಾತ್ರ ದೊಡ್ಡಕ್ಷರ. ಪಾಸ್‌ವರ್ಡ್ ಕೇಳುತ್ತೆ, 8ರಿಂದ 16 ಅಕ್ಷರದ್ದು ಒಂದು ಕೊಡಿ, ಇದು ಒಂದೇ ಸಲದ ಬಳಕೆಗೆ. ರೀಬೂಟ್‌ನಲ್ಲಿ ನೀಲಿ ಪರದೆ ಬರುತ್ತೆ, ಅದು ನಿಲ್ಲೋದು ಹತ್ತೇ ಸೆಕೆಂಡು. ಆ ಹೊತ್ತಿಗೆ ಟೀ ತರೋಕೆ ಎದ್ದು ಹೋದರೆ ಮತ್ತೆ ಮೊದಲಿಂದ ಇಂಪೋರ್ಟ್ ಮಾಡಬೇಕು. ಒಂದು ಕೀ ಒತ್ತಿ 'ಎನ್‌ರೋಲ್ ಮೋಕ್', 'ಕಂಟಿನ್ಯೂ', 'ಯೆಸ್', ಆಮೇಲೆ ಅದೇ ಪಾಸ್‌ವರ್ಡ್. ಅಲ್ಲಿ ಕೀಬೋರ್ಡ್ ಅಮೆರಿಕನ್ ಲೇಔಟ್‌ನಲ್ಲಿರುತ್ತೆ, ಚಿಹ್ನೆಗಳನ್ನು ಬಿಟ್ಟು ಅಕ್ಷರ, ಅಂಕಿ ಬಳಸಿದರೆ ತಲೆನೋವಿಲ್ಲ. ಡಬ್ಲ್ಯೂಎಲ್‌ಗೆ ಡಬ್ಲ್ಯೂಪಿಎ3 ಬರಲ್ಲ, ರೂಟರನ್ನು ಬರೀ ಡಬ್ಲ್ಯೂಪಿಎ3ರಲ್ಲಿ ಇಟ್ಟಿದ್ದರೆ ಡಬ್ಲ್ಯೂಪಿಎ2ಕ್ಕೆ ಇಳಿಸಬೇಕಾಗುತ್ತೆ.

ಕಾಫಿಕಣ:

ಕೈಯಾರೆ ಮಾಡ್‌ಪ್ರೋಬ್ ಕೊಟ್ಟ ತಕ್ಷಣ ಬಂತು. ಗ್ರೆಪ್‌ನಲ್ಲಿ ಬ್ಲ್ಯಾಕ್‌ಲಿಸ್ಟ್.ಕಾನ್ಫ್ ಫೈಲ್‌ನ ಕೊನೇ ಸಾಲು ಸಿಕ್ಕಿತು. ಹ್ಯಾಶ್ ಹಾಕಿ, ಡಿಕೆಎಂಎಸ್ ತೆಗೆದು ರೀಬೂಟ್ ಮಾಡಿದೆ. ಈಗ ತಾನಾಗಿ ಬರುತ್ತಿದೆ, ಡಿಪಿಕೆಜಿ ಎರರೂ ಹೋಯಿತು. ಇಬ್ಬರಿಗೂ ಧನ್ಯವಾದ.

ಆದರೆ ಹೊಸ ಡ್ರೈವರ್‌ನಲ್ಲಿ ಐದು–ಹತ್ತು ನಿಮಿಷಕ್ಕೊಮ್ಮೆ ನೆಟ್ ನಿಲ್ಲುತ್ತೆ. ಐಕಾನ್ ಹಾಗೇ ಇರುತ್ತೆ, ಪುಟ ಮಾತ್ರ ತೆರೆಯಲ್ಲ. ಡಿಮೆಸ್ಗ್‌ನಲ್ಲಿ (ಕರ್ನಲ್ ಸಂದೇಶಗಳ ಲಾಗ್) 'ಫೇಲ್ಡ್ ಟು ಸೆಂಡ್ ಎಚ್2ಸಿ ಕಮಾಂಡ್', 'ಫರ್ಮ್‌ವೇರ್ ಫೇಲ್ಡ್ ಟು ಲೀವ್ ಎಲ್‌ಪಿಎಸ್ ಸ್ಟೇಟ್' ಅಂತ ಸಾಲುಸಾಲು.

ಅಳತೆಗೋಲು:

ಎಲ್‌ಪಿಎಸ್ ಅಂದರೆ ವಿದ್ಯುತ್ ಉಳಿಸಲು ಚಿಪ್ ತೂಕಡಿಸುವ ಸ್ಥಿತಿ. ಡ್ರೈವರ್ ಎಬ್ಬಿಸಿದಾಗ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಸಾಫ್ಟ್‌ವೇರ್) ಏಳುತ್ತಿಲ್ಲ ಎನ್ನುವುದೇ ಆ ಎರಡನೆಯ ಸಾಲು. ಇಲ್ಲಿ ವಿದ್ಯುತ್ ಉಳಿತಾಯ ಮೂರು ಕಡೆ ನಡೆಯುತ್ತದೆ: ಪಿಸಿಐ ಬಸ್‌ನಲ್ಲಿ ಎಎಸ್‌ಪಿಎಂ, ಚಿಪ್‌ನೊಳಗೆ ಎಲ್‌ಪಿಎಸ್, ಅದರ ಮೇಲೆ ನೆಟ್‌ವರ್ಕ್ ಮ್ಯಾನೇಜರ್‌ನ ಪವರ್‌ಸೇವ್. ಮೂರನ್ನೂ ಒಟ್ಟಿಗೆ ಆಫ್ ಮಾಡಿದರೆ ನೆಟ್ ನಿಲ್ಲುವುದು ತಪ್ಪಬಹುದು, ಯಾವುದರಿಂದ ತಪ್ಪಿತೆಂದು ತಿಳಿಯುವುದಿಲ್ಲ, ಬ್ಯಾಟರಿಯೂ ಸುಮ್ಮನೆ ಹೋಗುತ್ತದೆ. ಒಂದೊಂದಾಗಿ ಮಾಡಿ.

ಮೊದಲು ರೀಬೂಟ್ ಬೇಡದ್ದು. 'ಐಡಬ್ಲ್ಯೂ ಡೆವ್' ಕೊಟ್ಟು ಇಂಟರ್‌ಫೇಸ್ ಹೆಸರು ನೋಡಿ, ಸಾಮಾನ್ಯವಾಗಿ ಡಬ್ಲ್ಯೂಎಲ್‌ಪಿ2ಎಸ್0 ಥರ ಇರುತ್ತದೆ. 'ಸುಡೊ ಐಡಬ್ಲ್ಯೂ ಡೆವ್ ಡಬ್ಲ್ಯೂಎಲ್‌ಪಿ2ಎಸ್0 ಸೆಟ್ ಪವರ್_ಸೇವ್ ಆಫ್' ಕೊಟ್ಟು ಅರ್ಧ ಗಂಟೆ ಬಳಸಿ. ಗುಣ ಕಂಡರೆ ಅದನ್ನು ಕಾಯಂ ಮಾಡಲು /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಕಾನ್ಫ್.ಡಿ (ನೆಟ್‌ವರ್ಕ್‌ಮ್ಯಾನೇಜರ್‌ನ ಎನ್, ಎಂ ದೊಡ್ಡಕ್ಷರ) ಒಳಗಿನ ಡಿಫಾಲ್ಟ್-ವೈಫೈ-ಪವರ್‌ಸೇವ್-ಆನ್.ಕಾನ್ಫ್ ತೆರೆದು 3 ಇರುವಲ್ಲಿ 2 ಬರೆಯಿರಿ. 3 ಎಂದರೆ ಆನ್, 2 ಎಂದರೆ ಆಫ್. 0 ಬರೆದರೆ ಆಫ್ ಆಗುವುದಿಲ್ಲ, ಡಿಫಾಲ್ಟ್‌ಗೆ ಹೋಗುತ್ತದೆ. ತುಂಬ ಜನ ಎಡವುವುದು ಇಲ್ಲೇ.

ಸಾಲದಿದ್ದರೆ /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಆರ್‌ಟಿಡಬ್ಲ್ಯೂ88.ಕಾನ್ಫ್ ಎಂಬ ಹೊಸ ಫೈಲ್ ಮಾಡಿ ಈ ಸಾಲು ಹಾಕಿ:

'ಆಪ್ಷನ್ಸ್ ಆರ್‌ಟಿಡಬ್ಲ್ಯೂ88_ಪಿಸಿಐ ಡಿಸೇಬಲ್_ಎಎಸ್‌ಪಿಎಂ=ವೈ'

ಆಮೇಲೂ ಎಲ್‌ಪಿಎಸ್ ಎರರ್ ಬಂದರೆ ಅದರ ಕೆಳಗೆ ಇನ್ನೊಂದು:

'ಆಪ್ಷನ್ಸ್ ಆರ್‌ಟಿಡಬ್ಲ್ಯೂ88_ಕೋರ್ ಡಿಸೇಬಲ್_ಎಲ್‌ಪಿಎಸ್_ಡೀಪ್=ವೈ'

ಹಳೆಯ ಲೇಖನಗಳಲ್ಲಿ ಈ ಮಾಡ್ಯೂಲ್‌ಗಳ ಹೆಸರು ಆರ್‌ಟಿಡಬ್ಲ್ಯೂ_ಪಿಸಿಐ, ಆರ್‌ಟಿಡಬ್ಲ್ಯೂ_ಕೋರ್ ಎಂದಿರುತ್ತದೆ, 88 ಇಲ್ಲದೆ. ಅದನ್ನೇ ನಕಲು ಮಾಡಿದರೆ ಎರರ್ ಬರುವುದಿಲ್ಲ, ಪರಿಣಾಮವೂ ಇರುವುದಿಲ್ಲ. ಆದ್ದರಿಂದ ರೀಬೂಟ್ ಆದ ಮೇಲೆ /ಎಸ್‌ವೈಎಸ್/ಮಾಡ್ಯೂಲ್/ಆರ್‌ಟಿಡಬ್ಲ್ಯೂ88_ಪಿಸಿಐ/ಪ್ಯಾರಾಮೀಟರ್ಸ್/ಡಿಸೇಬಲ್_ಎಎಸ್‌ಪಿಎಂ ಫೈಲನ್ನು 'ಕ್ಯಾಟ್' ಮಾಡಿ ವೈ ಬಂದಿದೆಯೇ ನೋಡಿ.

ಬ್ಲೂಟೂತ್ ಹೆಡ್‌ಸೆಟ್ ಹಾಕಿದಾಗ ಮಾತ್ರ ತೊಂದರೆಯಾದರೆ ಇದ್ಯಾವುದೂ ಪ್ರಯೋಜನವಿಲ್ಲ. ಈ ಕಾರ್ಡ್‌ನಲ್ಲಿ ವೈಫೈ ಮತ್ತು ಬ್ಲೂಟೂತ್ ಒಂದೇ ಚಿಪ್‌ನಲ್ಲಿವೆ, 2.4 ಗಿಗಾಹರ್ಟ್ಸ್‌ನಲ್ಲಿ ಸರದಿ ಕಾಯುತ್ತವೆ. ರೂಟರ್‌ನ 5 ಗಿಗಾಹರ್ಟ್ಸ್ ಹೆಸರಿಗೆ ಸೇರಿಕೊಂಡರೆ ಸಾಕು. ಲಿಂಕ್ ವೇಗ 433 ಎಂಬಿಪಿಎಸ್ ದಾಟದಿದ್ದರೆ ಗಾಬರಿ ಬೇಡ, ಒಂದೇ ಸ್ಟ್ರೀಮ್‌ನ ಕಾರ್ಡ್, ಅದರ ಗರಿಷ್ಠವೇ ಅಷ್ಟು.

ತುದಿಬಂಡಿ:

ವಿಂಡೋಸ್ ಸೈತ ಅದೇ ಲ್ಯಾಪ್‌ಟಾಪ್‌ನಾಗ ಐತೇನ್ರಿ? ಇದ್ರ ಅದರೊಳಗ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡ್ರಿ. ಅದು ಆನ್ ಇದ್ದಾಗ ಶಟ್‌ಡೌನ್ ಅಂದ್ರ ಪೂರಾ ಶಟ್‌ಡೌನ್ ಅಲ್ಲ, ಕಾರ್ಡ್ ಅರೆನಿದ್ದಿಯೊಳಗೇ ಉಬುಂಟು ಕೈಗೆ ಬರತೈತಿ. ವಿಂಡೋಸ್‌ನಿಂದ ಬಂದಾಗಷ್ಟ ವೈಫೈ ಕೆಡತೈತಿ ಅಂದ್ರ ಇದನ್ನ ಮೊದಲ ನೋಡ್ರಿ.

ಕಾಫಿಕಣ:

ವಿಂಡೋಸ್ ಇಲ್ಲ. ಪವರ್_ಸೇವ್ ಆಫ್ ಮಾಡಿದಾಗ ಸ್ವಲ್ಪ ವಾಸಿ ಅನ್ನಿಸಿತು, ಆದರೆ ಎರರ್ ಮತ್ತೆ ಬಂತು. ಅದನ್ನು ವಾಪಸ್ ಆನ್ ಮಾಡಿ ಎಎಸ್‌ಪಿಎಂ ಸಾಲು ಮಾತ್ರ ಹಾಕಿದ್ದೇನೆ. ಕ್ಯಾಟ್ ಮಾಡಿದರೆ ವೈ ಬರುತ್ತೆ. ಎರಡು ದಿನದಿಂದ ಡಿಮೆಸ್ಗ್ ಸ್ವಚ್ಛ, ಎರಡನೇ ಸಾಲು ಬೇಕಾಗಲಿಲ್ಲ.

ಇನ್ನೊಂದೇ ಸಂಶಯ. ಮನೆ ವೈಫೈ ಸರಿ ಇದೆ, ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಎರಡೂ ಕೇಳುವ ಕಾಲೇಜಿನ ವೈಫೈ ಮಾತ್ರ ಸೇರುತ್ತಿಲ್ಲ. ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುತ್ತೆ.

ಅಳತೆಗೋಲು:

ಅದಕ್ಕೂ ಕಾರ್ಡ್‌ಗೂ ಸಂಬಂಧವಿಲ್ಲ. ಉಬುಂಟು 22.04ರಿಂದ ಓಪನ್‌ಎಸ್‌ಎಸ್‌ಎಲ್ 3 (ಸುರಕ್ಷಿತ ಸಂಪರ್ಕ ನೋಡಿಕೊಳ್ಳುವ ಲೈಬ್ರರಿ) ಬಂದಿದೆ, ಹಳೆಯ ಟಿಎಲ್‌ಎಸ್ 1.0 ಮತ್ತು ಅಸುರಕ್ಷಿತ ರೀನೆಗೋಷಿಯೇಶನ್ ಅದರಲ್ಲಿ ಡಿಫಾಲ್ಟ್ ಆಗಿ ನಡೆಯುವುದಿಲ್ಲ. ಸೇರಲು ಪ್ರಯತ್ನಿಸಿದ ಕೂಡಲೇ 'ಜರ್ನಲ್‌ಸಿಟಿಎಲ್ -ಯು ಡಬ್ಲ್ಯೂಪಿಎ_ಸಪ್ಲಿಕೆಂಟ್ -ಬಿ' ಕೊಟ್ಟು ಕೊನೆಯ ಸಾಲುಗಳನ್ನು ನೋಡಿ. 'ಅನ್‌ಸಪೋರ್ಟೆಡ್ ಪ್ರೋಟೋಕಾಲ್' ಅಥವಾ 'ಅನ್‌ಸೇಫ್ ಲೆಗಸಿ ರೀನೆಗೋಷಿಯೇಶನ್ ಡಿಸೇಬಲ್ಡ್' ಇದ್ದರೆ ಆ ಕಡೆಯ ರೇಡಿಯಸ್ ಸರ್ವರ್ (ಯೂಸರ್‌ನೇಮ್, ಪಾಸ್‌ವರ್ಡ್ ಪರಿಶೀಲಿಸುವ ಯಂತ್ರ) ಹಳೆಯದು. ಆ ಸಾಲನ್ನೇ ಕಾಪಿ ಮಾಡಿ ಅಲ್ಲಿನ ನೆಟ್‌ವರ್ಕ್ ವಿಭಾಗಕ್ಕೆ ಕಳಿಸಿ. ಓಪನ್‌ಎಸ್‌ಎಸ್‌ಎಲ್‌ನ ಭದ್ರತಾ ಮಟ್ಟವನ್ನೇ ಇಳಿಸಲು ಹೇಳುವ ಸಲಹೆಗಳು ಹುಡುಕಿದರೆ ಸಿಗುತ್ತವೆ. ಆ ಬದಲಾವಣೆ ವೈಫೈಗೆ ಮಾತ್ರ ನಿಲ್ಲುವುದಿಲ್ಲ, ಅದೇ ಲೈಬ್ರರಿ ಬಳಸುವ ಉಳಿದ ಪ್ರೋಗ್ರಾಂಗಳಿಗೂ ತಟ್ಟುತ್ತದೆ. ನಾನಂತೂ ಮಾಡುವುದಿಲ್ಲ.

ಲಾಗ್‌ನಲ್ಲಿ ಸರ್ಟಿಫಿಕೇಟ್ ವೆರಿಫಿಕೇಶನ್ ಫೇಲ್ ಎಂದು ಬಂದಿದ್ದರೆ ಅದು ಬೇರೆ. ಕನೆಕ್ಷನ್ ಅಳಿಸಿ, ಕಾಲೇಜು ಕೊಡುವ ಸಿಎ ಸರ್ಟಿಫಿಕೇಟ್ ಫೈಲನ್ನು ಆರಿಸಿ ಹೊಸದಾಗಿ ಸೇರಿಸಿ. ಹಳೆಯ ಕನೆಕ್ಷನ್ ತೋರಿಸುವ ಜಾಗದಲ್ಲಿ ಆ ಫೈಲ್ ಈಗ ಇಲ್ಲದೇ ಇರಬಹುದು.