ಆಲೆಮನೆ ಯಂತ್ರಕ್ಕೆ ‘ವಿಶ್ವ ಪೇಟೆಂಟ್’: ಆರು ಲಕ್ಷ ಕೊಡಬೇಕೇ?

ಕೊಪ್ಪರಿಗೆ_ಪಾಂಡವಪುರ:
ನಮ್ಮ ಚಿಕ್ಕಪ್ಪನವರ ಆಲೆಮನೆಯಲ್ಲಿ ಪಾಕದ ಹದ ಇಂದಿಗೂ ಒಬ್ಬರ ಬೆರಳಿನ ಮೇಲೆ ನಿಂತಿದೆ. ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಡುತ್ತಾರೆ, ಬೆರಳಲ್ಲಿ ಉರುಟುತ್ತಾರೆ, ಉಂಡೆ ಕಟ್ಟಿದರೆ ಕೊಪ್ಪರಿಗೆ ಇಳಿಸಿ ಎನ್ನುತ್ತಾರೆ. ಅವರು ಬಾರದ ದಿನ ಬೆಲ್ಲ ಒಂದೋ ಜಿಗುಟು, ಇಲ್ಲವೇ ಸೀದು ಕಪ್ಪು. ಅದಕ್ಕಾಗಿ ಪಾಕ ಕಲಕುವ ಅಲಗಿಗೆ ಮೋಟಾರು ಕೂಡಿಸಿ, ಪಾಕ ಗಟ್ಟಿಯಾದಂತೆ ಮೋಟಾರು ಎಷ್ಟು ತಿಣುಕುತ್ತದೆ ಎಂಬುದನ್ನು ಅಳೆದು ಗಂಟೆ ಬಾರಿಸುವ ಸಾಧನವೊಂದನ್ನು ಮಾಡಿದ್ದೇನೆ. ಫೆಬ್ರವರಿಯಲ್ಲಿ ಚೆನ್ನೈ ಪೇಟೆಂಟ್ ಕಚೇರಿಗೆ ತಾತ್ಕಾಲಿಕ ವಿವರಣೆಯೊಂದಿಗೆ ಆನ್‌ಲೈನ್ ಅರ್ಜಿ ಹಾಕಿದೆ, ಶುಲ್ಕ 1,600 ರೂಪಾಯಿ. ಈಗ ಡಿಸೆಂಬರ್. ಏಜೆಂಟರೊಬ್ಬರು ಆರು ಲಕ್ಷ ಕೊಟ್ಟರೆ ‘ವಿಶ್ವ ಪೇಟೆಂಟ್’ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಲಂಬಿಯಾ, ಬ್ರೆಜಿಲ್‌ಗಳಲ್ಲೂ ಬೆಲ್ಲ ಕಾಯಿಸುತ್ತಾರೆ, ಅದಕ್ಕೇ ಆಸೆ. ಕೊಡಬೇಕೇ?

ಹೆಬ್ಬಾಳ_ಲೇತ್:
ಆ ಆರು ಲಕ್ಷವನ್ನು ಚಿಕ್ಕಪ್ಪನವರಿಗೆ ಕೊಡಿ, ಆಲೆಮನೆಯ ಸೂರನ್ನಾದರೂ ಹೊಸದಾಗಿ ಹೊದಿಸುತ್ತಾರೆ. ವಿಶ್ವ ಪೇಟೆಂಟ್ ಎಂಬುದು ಭೂಮಿಯ ಮೇಲಿನ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಇರುವುದು ಪೇಟೆಂಟ್ ಸಹಕಾರ ಒಪ್ಪಂದ, ಎಲ್ಲರ ಬಾಯಲ್ಲಿ ಪಿಸಿಟಿ. ಭಾರತ ಅದಕ್ಕೆ ಸೇರಿದ್ದು 1998ರ ಡಿಸೆಂಬರ್ 7ರಂದು. ಅದರಡಿ ಒಂದು ಅರ್ಜಿ ಹಾಕಿದರೆ 150ಕ್ಕೂ ಹೆಚ್ಚು ದೇಶಗಳಲ್ಲಿ ನಿಮ್ಮ ಸರದಿ ಕಾದಿರಿಸಿದಂತೆ, ಅಷ್ಟೇ. ಮೊದಲ ಅರ್ಜಿಯ ದಿನದಿಂದ 30 ತಿಂಗಳೊಳಗೆ, ಕೆಲವೆಡೆ 31, ಬೇಕಾದ ದೇಶಗಳಿಗೆ ಬೇರೆ ಬೇರೆಯಾಗಿ ಶುಲ್ಕ ಕಟ್ಟಿ, ಅವರ ಭಾಷೆಗೆ ಅನುವಾದಿಸಿ ಒಳಗೆ ಹೋಗಬೇಕು. ಪೇಟೆಂಟ್ ಕೊಡುವುದೂ ತಿರಸ್ಕರಿಸುವುದೂ ಆಯಾ ದೇಶದ ಕಚೇರಿಯೇ ಹೊರತು ಪಿಸಿಟಿ ನೋಡಿಕೊಳ್ಳುವ ಜಿನೀವಾದ ಕಚೇರಿ ಅಲ್ಲ.

ಸರಸ್ವತೀಪುರಂ_ನಿವಾಸಿ:
‘ಆರು ಲಕ್ಷವನ್ನು ಚಿಕ್ಕಪ್ಪನವರಿಗೆ ಕೊಡಿ’! ಈ ಧೋರಣೆಯಿಂದಲೇ ನಮ್ಮವರು ಎಲ್ಲದರಲ್ಲೂ ಹಿಂದೆ ಬಿದ್ದಿರುವುದು. ಅರಮನೆಯವರು ಆ ಕಾಲದಲ್ಲೇ ಮೈಸೂರು ಪಾಕಿಗೆ ಪೇಟೆಂಟ್ ಮಾಡಿಸಿದ್ದರೆ ತಮಿಳುನಾಡು ಅದನ್ನು ಹೊಡೆದುಕೊಳ್ಳುತ್ತಿತ್ತೇ? ತಮ್ಮಾ, ಖರ್ಚಿಗೆ ಹೆದರಬೇಡ. ಕೊಟ್ಟು ಮಾಡಿಸು.

ಅರ್ಜಿ_ಗುಮಾಸ್ತೆ:
ಕೊಪ್ಪರಿಗೆಯವರೇ, ಹಣದ ಮಾತು ಆಮೇಲೆ. ಫೆಬ್ರವರಿಯ ತಾತ್ಕಾಲಿಕ ವಿವರಣೆಯಲ್ಲಿ ಏನೇನು ಬರೆದಿದ್ದೀರಿ? ಅದಾದ ಮೇಲೆ ಯಂತ್ರಕ್ಕೆ ಏನಾದರೂ ಸೇರಿಸಿದ್ದೀರಾ? ಸೇರಿಸಿದ್ದನ್ನು ಹೊರಗೆ ಯಾರಿಗಾದರೂ ತೋರಿಸಿದ್ದೀರಾ?

ಮದ್ದೂರು_ವಡೆ:
ತಮಿಳುನಾಡು ಯಾವಾಗ ಹೊಡೆದುಕೊಂಡಿತು ಸ್ವಾಮಿ? 2019ರ ಸೆಪ್ಟೆಂಬರಿನಲ್ಲಿ ಟ್ವಿಟರ್‌ನಲ್ಲಿ ಒಬ್ಬರು ತಮಾಷೆಗೆ ಬರೆದದ್ದು ಅದು. ಅದೂ ಪೇಟೆಂಟ್ ಅಲ್ಲ, ಊರಿನ ಹೆಸರನ್ನು ಆ ಊರಿನ ಸರಕಿಗೇ ಕಾಯ್ದಿಡುವ ಭೌಗೋಳಿಕ ಸೂಚಿಯ (ಜಿಐ) ಮಾತು. ಮಂಡ್ಯದಲ್ಲಿ ನಾವು ನಕ್ಕು ಸುಮ್ಮನಾದೆವು, ಮೈಸೂರಿನವರು ನಂಬಿ ಊರು ಕೇರಿ ಒಂದು ಮಾಡಿದರು.

ಸರಸ್ವತೀಪುರಂ_ನಿವಾಸಿ:
‘ಮೈಸೂರಿನವರು ನಂಬಿದರು’ ಎಂದರೆ? ನಾಲ್ವಡಿಯವರ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ಮಾಡಿದ ತಿಂಡಿಯ ಮೇಲೆ ಯಾರೋ ತಮಾಷೆ ಮಾಡಿದರೆ ನಾವು ನಗಬೇಕೇ? ಮೈಸೂರು ರೇಷ್ಮೆಗೆ ಇದೆ, ಮೈಸೂರು ವೀಳ್ಯದೆಲೆಗೆ ಇದೆ, ನಂಜನಗೂಡು ರಸಬಾಳೆಗೆ ಇದೆ. ಎಲ್ಲಕ್ಕೂ ಪೇಟೆಂಟ್ ಇರುವಾಗ ಪಾಕಿಗೆ ಏಕೆ ಬೇಡ?

ಹೆಬ್ಬಾಳ_ಲೇತ್:
ಅವು ಯಾವುವೂ ಪೇಟೆಂಟ್ ಅಲ್ಲ. ನೀವು ಹೇಳಿದ ಮೂರಕ್ಕೂ ಇರುವುದು ಭೌಗೋಳಿಕ ಸೂಚಿ. ಅದರ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಅದನ್ನು ಬೆಳೆಗಾರರ ಅಥವಾ ತಯಾರಕರ ಸಂಘ ಕೇಳುತ್ತದೆ, ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಲೇ ಹೋಗಬಹುದು. ಪೇಟೆಂಟ್ 20 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಅರಮನೆಯವರು ಪಾಕಿಗೆ ಪೇಟೆಂಟ್ ಮಾಡಿಸಿದ್ದರೂ ಇಷ್ಟರಲ್ಲಿ ಅದು ಎಂದೋ ಸತ್ತು ಹೋಗಿರುತ್ತಿತ್ತು.

ನಾಲೆ_ನೀರು:
‘ಯಾರು ಬೇಕಾದರೂ ಮಾಡಿಕೊಳ್ಳಬಹುದು’, ಅದನ್ನು ಮೊದಲ ದಿನದಿಂದಲೇ ಏಕೆ ಬಿಡಬಾರದು? ಪೇಟೆಂಟ್ ಎಂದರೆ ದೊಡ್ಡವರ ಬೇಲಿ. 1995ರಲ್ಲಿ ಅಮೆರಿಕದವರು ನಮ್ಮ ಅರಿಶಿನಕ್ಕೇ ಪೇಟೆಂಟ್ ತೆಗೆದುಕೊಂಡರು. ಬೆರಳಲ್ಲಿ ಪಾಕ ಉರುಟುವ ಆ ಹಿರಿಯರ ವಿದ್ಯೆಯನ್ನು ಯಂತ್ರಕ್ಕೆ ಹಾಕಿ ಅದರ ಮೇಲೆ ನಿಮ್ಮ ಹೆಸರು ಬರೆದುಕೊಳ್ಳುವುದು ಯಾವ ನ್ಯಾಯ?

ಹೆಬ್ಬಾಳ_ಲೇತ್:
ಅರಿಶಿನದ ಅರ್ಧ ಕಥೆ ಮಾತ್ರ ಹೇಳಿದಿರಿ. ಪೇಟೆಂಟ್ ಇದ್ದದ್ದು ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ. ಅರ್ಜಿ ಹಾಕಿದ್ದ ವಿಜ್ಞಾನಿಗಳಿಬ್ಬರೂ ಭಾರತೀಯ ಮೂಲದವರೇ. ನಮ್ಮ ಸರ್ಕಾರಿ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹೋಗಿ ಹಳೆಯ ಸಂಸ್ಕೃತ ಗ್ರಂಥ, 1953ರ ಒಂದು ವೈದ್ಯಕೀಯ ಲೇಖನ ಮುಂತಾದವನ್ನು ಮುಂದಿಟ್ಟಿತು, ಇದು ಹೊಸದಲ್ಲ ಎಂದು 1997ರಲ್ಲಿ ಪೇಟೆಂಟ್ ರದ್ದಾಯಿತು. ನಮ್ಮಜ್ಜಿ ಹಚ್ಚುತ್ತಿದ್ದರು ಎಂಬ ಮಾತಿನಿಂದಲ್ಲ, ಅಚ್ಚಾದ ಕಾಗದದಿಂದ ರದ್ದಾಯಿತು. ಬೆರಳಿನ ಹದಕ್ಕೆ ಇಲ್ಲಿ ಯಾರೂ ಪೇಟೆಂಟ್ ಕೇಳಿಲ್ಲ, ಕೇಳಿದ್ದು ಮೋಟಾರಿಗೆ.

ಮದ್ದೂರು_ವಡೆ:
ಅರಿಶಿನ ಬಿಡಿ. ಸರಸ್ವತೀಪುರಂನವರು ವೀಳ್ಯದೆಲೆಗೆ ಪೇಟೆಂಟ್ ಇದೆ ಎಂದದ್ದನ್ನು ಮೊದಲು ಹಿಂದಕ್ಕೆ ತೆಗೆದುಕೊಳ್ಳಲಿ.

ಸರಸ್ವತೀಪುರಂ_ನಿವಾಸಿ:
ಏಕೆ ತೆಗೆದುಕೊಳ್ಳಬೇಕು? ಕಾಗದದಲ್ಲಿ ಏನೆಂದು ಬರೆದಿದ್ದರೂ ಸರ್ಕಾರ ಕೊಟ್ಟ ರಕ್ಷಣೆ ರಕ್ಷಣೆಯೇ. ಧಾರವಾಡ ಪೇಡೆಗೆ ಇದೆ, ತಿರುಪತಿ ಲಡ್ಡುವಿಗೆ ಇದೆ. ಮದ್ದೂರು ವಡೆಗೆ ಇಲ್ಲವೆಂಬ ಹೊಟ್ಟೆಯುರಿ ನಮ್ಮ ಮೇಲೆ ಏಕೆ?

ಮದ್ದೂರು_ವಡೆ:
ಹೊಟ್ಟೆಯುರಿಯೇ! ರೈಲು ನಿಲ್ಲಿಸಿ ವಡೆ ತಿನ್ನುವವರು ಮೈಸೂರಿನವರು. ಪಾಕಿಗೆ ಬೇಕಾದ ಸಕ್ಕರೆಯೂ ನಮ್ಮ ಜಿಲ್ಲೆಯ ಕಬ್ಬಿನದು, 1933ರಿಂದ ಮಂಡ್ಯದಲ್ಲಿ ಕಾರ್ಖಾನೆ ಇದೆ. ಕಬ್ಬು ನಮ್ಮದು, ನಾಲೆ ನಮ್ಮದು, ಹೆಸರು ಮಾತ್ರ ನಿಮ್ಮದು.

ಸರಸ್ವತೀಪುರಂ_ನಿವಾಸಿ:
ನಾಲೆ ನಿಮ್ಮದೇ? ಕನ್ನಂಬಾಡಿ ಕಟ್ಟಿಸಿದ ಮಹಾರಾಜರು ಯಾವ ಊರಿನವರು ಎಂದು ನೆನಪಿಸಬೇಕೇ? ಆಗ ಮಂಡ್ಯ ಎಂಬ ಜಿಲ್ಲೆಯೇ ಇರಲಿಲ್ಲ.

ಕೊಪ್ಪರಿಗೆ_ಪಾಂಡವಪುರ:
ಗುಮಾಸ್ತೆಯವರ ಪ್ರಶ್ನೆ ಮೇಲೆಲ್ಲೋ ಹೂತುಹೋಯಿತು. ಫೆಬ್ರವರಿಯಲ್ಲಿ ಬರೆದದ್ದು ಮೋಟಾರಿನ ತಿಣುಕಾಟದ ವಿಷಯ ಮಾತ್ರ. ಮಳೆಗಾಲದ ಕಬ್ಬಿನ ಹಾಲು ತೆಳುವಾಗಿದ್ದು ಗಂಟೆ ತಪ್ಪು ಹೊತ್ತಿಗೆ ಬಾರಿಸುತ್ತಿತ್ತು. ಹಾಗಾಗಿ ಕೊಪ್ಪರಿಗೆಯೊಳಗೆ ಉಷ್ಣಮಾಪಕ ಇಳಿಸಿ, ಸುಮಾರು 118 ಡಿಗ್ರಿ ಸೆಲ್ಸಿಯಸ್ ಬಿಸಿಯೂ ತಿಣುಕಾಟವೂ ಒಟ್ಟಿಗೆ ಕೂಡಿದರೆ ಮಾತ್ರ ಬಾರಿಸುವಂತೆ ಮಾಡಿದೆ. ಈಗ ಬೆಲ್ಲ ಕೆಟ್ಟದ್ದೇ ಇಲ್ಲ. ಅಕ್ಟೋಬರಿನ ಕೃಷಿ ಮೇಳದಲ್ಲಿ ಇದನ್ನು ತೋರಿಸಿದೆ. ಒಬ್ಬ ಹುಡುಗ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಿದ್ದಾನೆ, ಕ್ಯಾಮೆರಾ ಮುಂದೆ ನಿಂತು ಎಲ್ಲವನ್ನೂ ನಾನೇ ವಿವರಿಸಿದ್ದೇನೆ. ಒಳ್ಳೆಯ ಪ್ರಚಾರವೂ ಸಿಕ್ಕಿದೆ.

ಅರ್ಜಿ_ಗುಮಾಸ್ತೆ:
ನಾನು ಹೆದರಿದ್ದು ಇದಕ್ಕೇ. ಮೊದಲ ಅರ್ಜಿಯ ದಿನಾಂಕ ರಕ್ಷಿಸುವುದು ಅದರಲ್ಲಿ ಬರೆದದ್ದನ್ನು ಮಾತ್ರ. ತಿಣುಕಾಟದ ಭಾಗ ಫೆಬ್ರವರಿಯವರೆಗೆ ಭದ್ರ. 12 ತಿಂಗಳು ತುಂಬುವ ಮೊದಲು ಇಲ್ಲಿ ಪೂರ್ಣ ವಿವರಣೆಯನ್ನೂ ಹೊರದೇಶಗಳಿಗೆ ಪಿಸಿಟಿ ಅರ್ಜಿಯನ್ನೂ ಹಾಕಬೇಕು. ಉಷ್ಣಮಾಪಕ ಸೇರಿಸಿದ ಭಾಗಕ್ಕೆ ಯಾವ ದಿನಾಂಕವೂ ಇಲ್ಲ, ಅದು ಅಕ್ಟೋಬರಿನಲ್ಲೇ ಲೋಕಕ್ಕೆ ಗೊತ್ತಾಗಿದೆ. ಅರ್ಜಿಗೆ ಮೊದಲೇ ಬಯಲಾದದ್ದು ಹೊಸದಲ್ಲ, ಅದಕ್ಕೆ ಪೇಟೆಂಟ್ ಸಿಗುವುದಿಲ್ಲ. ಯುರೋಪಿನಲ್ಲಿ ಆ ಭಾಗ ಮುಗಿಯಿತು. ಅಮೆರಿಕ, ಬ್ರೆಜಿಲ್, ಕೊಲಂಬಿಯಾಗಳಲ್ಲಿ ಸಂಶೋಧಕನೇ ಬಹಿರಂಗಪಡಿಸಿದ್ದಕ್ಕೆ 12 ತಿಂಗಳ ವಿನಾಯಿತಿ ಇದೆ. ನಮ್ಮ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ನಿನ ವಿನಾಯಿತಿ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ. ಆ ಹುಡುಗ ನಿಮ್ಮ ಒಪ್ಪಿಗೆಯಿಲ್ಲದೆ ಹಾಕಿದ್ದರೆ 29ನೇ ಸೆಕ್ಷನ್ನಿನಲ್ಲಿ ಒಂದು ದಾರಿ ಇತ್ತು, ಆದರೆ ನೀವೇ ಕ್ಯಾಮೆರಾ ಮುಂದೆ ನಿಂತಿದ್ದೀರಿ. ಅಂದರೆ ಯಂತ್ರದ ಒಳ್ಳೆಯ ಅರ್ಧ ಕೊಲಂಬಿಯಾದಲ್ಲಿ ಉಳಿಯಬಹುದು, ಪಾಂಡವಪುರದಲ್ಲಿ ಉಳಿಯುವುದು ಕಷ್ಟ.

ಸರಸ್ವತೀಪುರಂ_ನಿವಾಸಿ:
ಅಮೆರಿಕದಲ್ಲಿ ವಿನಾಯಿತಿ ಇದೆಯಲ್ಲ! ಹಾಗಾದರೆ ಇಲ್ಲಿಯ ಗೊಡವೆ ಬಿಟ್ಟು ನೇರವಾಗಿ ಅಲ್ಲಿಯೇ ಹಾಕಿಸಲಿ. ನನ್ನ ಅಣ್ಣನ ಮಗ ಕ್ಯಾಲಿಫೋರ್ನಿಯಾದಲ್ಲಿ ಕುಳಿತು ಹಾಗೆಯೇ ಹಾಕಿದ್ದಾನೆ, ಯಾರೂ ಏನೂ ಕೇಳಲಿಲ್ಲ.

ಹೆಬ್ಬಾಳ_ಲೇತ್:
ನಿಮ್ಮ ಅಣ್ಣನ ಮಗ ಅಲ್ಲಿಯ ನಿವಾಸಿ, ಇವರು ಪಾಂಡವಪುರದವರು. ಭಾರತದಲ್ಲಿ ವಾಸಿಸುವವರು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯದೆ, ಅಥವಾ ಪೇಟೆಂಟ್ ಕಚೇರಿಯಿಂದ ಮೊದಲೇ ಅನುಮತಿ ಪಡೆಯದೆ, ಹೊರಗೆ ಅರ್ಜಿ ಹಾಕುವಂತಿಲ್ಲ. 39ನೇ ಸೆಕ್ಷನ್. ಮೀರಿದರೆ 118ನೇ ಸೆಕ್ಷನ್ನಿನ ಪ್ರಕಾರ ಎರಡು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಉಷ್ಣಮಾಪಕದ ಭಾಗಕ್ಕೆ ಇನ್ನೂ ಯಾವ ಅರ್ಜಿಯೂ ಇಲ್ಲ, ಆದ್ದರಿಂದ ಈ ನಿಯಮ ಅದಕ್ಕೆ ಪೂರ್ತಿ ಅನ್ವಯ.

ಸರಸ್ವತೀಪುರಂ_ನಿವಾಸಿ:
‘ಜೈಲು’ ಎಂದು ಹೆದರಿಸುತ್ತೀರಿ. ಹೀಗೆ ಹೆದರಿಸಿಯೇ ಮೈಸೂರಿನ ಒಂದು ವಸ್ತುವೂ ಹೊರದೇಶಕ್ಕೆ ಹೋಗದಂತೆ ಮಾಡಿದ್ದೀರಿ.

ನಾಲೆ_ನೀರು:
ಜೈಲು, ಗೆಜೆಟ್, ಆರು ಲಕ್ಷ. ರೈತನ ಮಗ ವಿಡಿಯೊದಲ್ಲಿ ಎಲ್ಲರಿಗೂ ಕಲಿಸಿದ್ದು ತಪ್ಪಾಯಿತೇ? ನನ್ನ ಮಟ್ಟಿಗೆ ಅವರು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಕೊಪ್ಪರಿಗೆ_ಪಾಂಡವಪುರ:
ನಾಲೆಯವರೇ, ವರ್ಕ್‌ಶಾಪಿನ ಬಿಲ್ ನೀವು ಕಟ್ಟುವುದಾದರೆ ಸಂತೋಷವಾಗಿ ಇನ್ನೊಂದು ವಿಡಿಯೊ ಮಾಡುತ್ತೇನೆ. ಗುಮಾಸ್ತೆಯವರೇ, ಆರು ಲಕ್ಷ ಯಾವುದರ ಲೆಕ್ಕ?

ಅರ್ಜಿ_ಗುಮಾಸ್ತೆ:
ಏಜೆಂಟರನ್ನೇ ಬಾಬ್ತುವಾರು ಬರೆದುಕೊಡಲು ಕೇಳಿ. ಅರ್ಜಿದಾರರು ನೀವೊಬ್ಬರೇ, ವ್ಯಕ್ತಿಯಾಗಿ ಇದ್ದರೆ ಪಿಸಿಟಿಯ ಅಂತರರಾಷ್ಟ್ರೀಯ ಶುಲ್ಕದಲ್ಲಿ ಭಾರತೀಯರಿಗೆ ಶೇ. 90ರಷ್ಟು ಕಡಿತ ಇದೆ. ಇಂಥದ್ದು ಮೊದಲೇ ಇತ್ತೇ ಎಂದು ಹುಡುಕಿ ಹೇಳುವ ಶೋಧ ವರದಿಯನ್ನು ನಮ್ಮ ಪೇಟೆಂಟ್ ಕಚೇರಿಯಿಂದಲೇ ಪಡೆಯಬಹುದು, 2013ರಿಂದ ಅದಕ್ಕೆ ಆ ಅಧಿಕಾರವಿದೆ, ಶುಲ್ಕವೂ ಕಡಿಮೆ. ವರ್ಕ್‌ಶಾಪಿನ ಕಂಪನಿಯನ್ನು ಜೊತೆ ಅರ್ಜಿದಾರರನ್ನಾಗಿ ಸೇರಿಸಿದರೆ ಆ ಕಡಿತ ಹೋಗುತ್ತದೆ. ದೊಡ್ಡ ಖರ್ಚು ಬರುವುದು ಆಮೇಲೆ: ಕೊಲಂಬಿಯಾಕ್ಕೆ ಸ್ಪ್ಯಾನಿಷ್, ಬ್ರೆಜಿಲ್‌ಗೆ ಪೋರ್ಚುಗೀಸ್ ಅನುವಾದ, ಅಲ್ಲಿಯ ವಕೀಲರು, ಪೇಟೆಂಟ್ ಉಳಿಸಿಕೊಳ್ಳುವ ಶುಲ್ಕ. ಶೋಧ ವರದಿ ನೋಡಿ, ಯಂತ್ರ ಅಲ್ಲಿ ಮಾರುವವರು ಸಿಕ್ಕರೆ ಆಗ ಯೋಚಿಸಿ. ಸದ್ಯಕ್ಕೆ, 12 ತಿಂಗಳ ವಿನಾಯಿತಿ ಇರುವ ದೇಶಗಳಿಗಾಗಿ, ಉಷ್ಣಮಾಪಕದ ಭಾಗಕ್ಕೆ ನಾಳೆಯೇ ಇಲ್ಲಿ ಹೊಸ ಅರ್ಜಿ ಹಾಕಿ. ಇನ್ನು ಮುಂದೆ ಮೇಳಗಳಲ್ಲಿ ಬೆಲ್ಲ ಮಾತ್ರ ತೋರಿಸಿ.

ಸರಸ್ವತೀಪುರಂ_ನಿವಾಸಿ:
‘ಯಂತ್ರ ಅಲ್ಲಿ ಮಾರುವವರು ಸಿಕ್ಕರೆ’ ಎಂದಿರಿ. ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ, ಹೊರದೇಶಕ್ಕೆ ಹೋಗಿ ಎಂದು. ಕಡೆಗೆ ಎಲ್ಲರೂ ನನ್ನ ಮಾತಿಗೇ ಬಂದಿರಿ.

ಮದ್ದೂರು_ವಡೆ:
ವೀಳ್ಯದೆಲೆಯ ಪೇಟೆಂಟ್ ಸಂಖ್ಯೆ ಕೊಡಿ, ನಾನೂ ಬರುತ್ತೇನೆ.