ಕಾರ್ಡ್ ಸ್ವೈಪ್ ಮಾಡಿದ್ರೆ 2% ಎಕ್ಸ್‌ಟ್ರಾ ತಗೋಬಹುದಾ? ಆಡಿಟರ್ ಮೇಡಂಗೆ ಕೇಳಿ

ಪ್ರಶ್ನೆ (ಬ್ಯಾಟರಿ ಅಂಗಡಿ, ಹಾಸನ):
ನಮಸ್ತೆ ಮೇಡಂ, ನಂದು ಇನ್ವರ್ಟರ್ ಬ್ಯಾಟರಿ ಅಂಗಡಿ, ವರ್ಷಕ್ಕೆ 72 ಲಕ್ಷದ ಹತ್ರ ವ್ಯಾಪಾರ, ಜಿಎಸ್‌ಟಿ ರೆಗ್ಯುಲರ್. ಒಂದು ಬ್ಯಾಟರಿ ಮಾರಿದ್ರೆ ನಮಗೆ ಉಳಿಯೋದೇ ಐದಾರು ಪರ್ಸೆಂಟು, ಅದ್ರಲ್ಲಿ ಗಿರಾಕಿ ಕ್ರೆಡಿಟ್ ಕಾರ್ಡ್ ತೆಗೆದ್ರೆ ಬ್ಯಾಂಕ್‌ನವ್ರು ಹತ್ತಿರ ಹತ್ತಿರ ಎರಡು ಪರ್ಸೆಂಟ್ ಮುರ್ಕೊಂಡೇ ದುಡ್ಡು ಹಾಕೋದು. ಅದಕ್ಕೆ "ಕಾರ್ಡ್ ಆದ್ರೆ 2% ಎಕ್ಸ್‌ಟ್ರಾ" ಅಂತ ಚೀಟಿ ಬರೆದು ಅಂಟಿಸಿದೀನಿ, ನಮ್ಮ ರಸ್ತೇಲಿ ಎಲ್ರೂ ಹಂಗೇ ಮಾಡೋದು. ಮೊನ್ನೆ ಒಬ್ರು ಮೇಷ್ಟ್ರು ಬಂದು ಇದು ಕಾನೂನಿಗೆ ವಿರುದ್ಧ, ಕಂಪ್ಲೇಂಟ್ ಕೊಡ್ತೀನಿ ಅಂತ ಕೂಗಾಡಿ ಹೋದ್ರು. ನಿಜಾನಾ ಮೇಡಂ? ಹಂಗಾದ್ರೆ ಆ ದುಡ್ಡು ನಾನು ಎಲ್ಲಿಂದ ತುಂಬಿಸ್ಲಿ?

ಉತ್ತರ (ಆಡಿಟರ್):
ಮೇಷ್ಟ್ರು ತೆಗೆದಿದ್ದು ಡೆಬಿಟ್ ಕಾರ್ಡಾ ಕ್ರೆಡಿಟ್ ಕಾರ್ಡಾ? ಡೆಬಿಟ್ ಆಗಿದ್ರೆ ಅವ್ರು ಹೇಳಿದ್ದು ಪೂರ್ತಿ ಸರಿ. ಡೆಬಿಟ್ ಕಾರ್ಡ್ ಮೇಲೆ ಗಿರಾಕಿ ಹತ್ರ ಎಕ್ಸ್‌ಟ್ರಾ ತಗೊಳ್ಳೋದು ಸಮರ್ಥನೀಯ ಅಲ್ಲ, ಅಂಥ ಅಂಗಡಿ ಜೊತೆ ಬ್ಯಾಂಕ್ ಸಂಬಂಧ ಕಡ್ಕೋಬೇಕು ಅಂತ ಆರ್‌ಬಿಐ 2013ರಲ್ಲೇ ಹೇಳಿದೆ, ಆಮೇಲೆ 2017ರ ಡಿಸೆಂಬರ್‌ನಲ್ಲಿ ಎಂಡಿಆರ್ ರೇಟ್ ಫಿಕ್ಸ್ ಮಾಡಿದ ಸರ್ಕ್ಯುಲರ್‌ನಲ್ಲೂ ಈ ಚಾರ್ಜನ್ನ ವ್ಯಾಪಾರಿಗಳು ಗಿರಾಕಿ ಮೇಲೆ ಹಾಕದ ಹಾಗೆ ನೋಡ್ಕೊಳ್ಳಿ ಅಂತ ಬ್ಯಾಂಕುಗಳಿಗೆ ಬರೆದಿದೆ. ಎಂಡಿಆರ್ ಅಂದ್ರೆ ನಿಮ್ಮ ದುಡ್ಡಲ್ಲಿ ಮುರ್ಕೊಳ್ತಾರಲ್ಲ ಅದೇ ಕಮಿಷನ್ನು.

ಕ್ರೆಡಿಟ್ ಕಾರ್ಡ್ ಕಥೆ ಬೇರೆ. ಅದಕ್ಕೆ ಬ್ಯಾಂಕ್ ಇಷ್ಟೇ ಕಮಿಷನ್ ತಗೋಬೇಕು ಅಂತ ಆರ್‌ಬಿಐ ಮಿತಿ ಹಾಕಿಲ್ಲ. ಆದ್ರೆ ಸ್ವೈಪಿಂಗ್ ಮಷೀನ್ ತಗೊಳ್ಳುವಾಗ ಒಂದು ಕಂತೆ ಕಾಗದಕ್ಕೆ ಸೈನ್ ಮಾಡಿರ್ತೀರಲ್ಲ (ಯಾರೂ ಓದಲ್ಲ ಬಿಡಿ), ಅದ್ರಲ್ಲಿ ಕಾರ್ಡ್ ಕೊಟ್ಟವ್ರ ಹತ್ರ ಹೆಚ್ಚಿಗೆ ತಗೊಳ್ಳಲ್ಲ ಅಂತ ಒಂದು ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತೆ. ಅದನ್ನ ಮುರಿದ್ರೆ ಪೊಲೀಸ್ ಬರಲ್ಲ, ಮಷೀನ್ ವಾಪಸ್ ಹೋಗುತ್ತೆ.

ಕಾನೂನು ಆಮೇಲೆ ನೋಡೋಣ, ನಿಮ್ಮ 2% ನಿಮಗೇ ಲಾಸು, ಅದನ್ನ ಮೊದ್ಲು ತೋರಿಸ್ತೀನಿ. ಬ್ಯಾಂಕ್ ಸೆಟಲ್‌ಮೆಂಟ್‌ನಲ್ಲಿ ಒಂದು ಕ್ರೆಡಿಟ್ ಕಾರ್ಡ್ ಎಂಟ್ರಿ ನೋಡಿ ಇಲ್ಲಿ ಹಾಕ್ತೀರಾ? ಅಕೌಂಟ್ ನಂಬರ್ ಬೇಡ, ಅಂಕಿ ಮಾತ್ರ ಸಾಕು.

ಬ್ಯಾಟರಿ ಅಂಗಡಿ, ಹಾಸನ:
ಹಾಕ್ತೀನಿ ಮೇಡಂ. ಬಿಲ್ 18,500. ಎಂಡಿಆರ್ 351.50. ಆ ಎಂಡಿಆರ್ ಮೇಲೆ ಜಿಎಸ್‌ಟಿ 63.27. ಅಕೌಂಟಿಗೆ ಬಂದಿದ್ದು 18,085.23. ಇದು ಎಕ್ಸ್‌ಟ್ರಾ ತಗೊಳ್ದೇ ಇದ್ದ ಬಿಲ್ಲು, ನಮ್ಮ ಸಂಬಂಧಿಕರದ್ದು.

ಆಡಿಟರ್:
ಅಂದ್ರೆ ನಿಮ್ಮ ರೇಟ್ 1.9%. ಆ 63 ರೂಪಾಯಿ ನೀವು ಇನ್‌ಪುಟ್ ತಗೋಬಹುದು, ಅಂದ್ರೆ ನೀವು ಕಟ್ಟೋ ಜಿಎಸ್‌ಟಿಯಲ್ಲಿ ಕಳ್ಕೋಬಹುದು, ಆದ್ರೆ ಬ್ಯಾಂಕಿಗೆ ನಿಮ್ಮ ಜಿಎಸ್‌ಟಿ ನಂಬರ್ ಕೊಟ್ಟಿದೀರಾ? ಕೊಟ್ಟಿಲ್ಲ ಅಂದ್ರೆ ಅದು ನಿಮ್ಮ 2ಬಿ ನಲ್ಲಿ (ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರೋ ಇನ್‌ಪುಟ್ ಪಟ್ಟಿ) ಕಾಣಲ್ಲ, ತಿಂಗಳು ತಿಂಗಳು ಸುಮ್ನೆ ಬಿಟ್ಟುಕೊಡ್ತಾ ಇದೀರ ಅಂತ ಅರ್ಥ. ನಾನು ನೋಡಿದ ಸಣ್ಣ ಅಂಗಡಿಗಳಲ್ಲಿ ಈ ಒಂದು ಕೆಲಸ ಮಾಡಿರೋರು ಕಡಿಮೆ. ಸರಿ, ಅದನ್ನ ವಾಪಸ್ ಪಡೀತೀರ ಅಂತಾನೇ ಇಟ್ಕೊಳ್ಳೋಣ, ಆಗ ನಿಮ್ಮ ನಿಜವಾದ ಖರ್ಚು 351.50.

ಈಗ ಗಿರಾಕಿ ಹತ್ರ 2% ಅಂತ 370 ಜಾಸ್ತಿ ತಗೊಂಡ್ರಿ, ಮಷೀನ್‌ನಲ್ಲಿ 18,870 ಹೊಡೆದ್ರಿ. ಬ್ಯಾಂಕ್ ಈಗ 18,870ರ ಮೇಲೆ ಕಮಿಷನ್ ಹಿಡಿಯುತ್ತೆ, 358.53 ಆಯ್ತು. ಇನ್ನೊಂದ್ ಕಡೆ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಮಾಲಿನ ಜೊತೆ ನೀವು ಗಿರಾಕಿಯಿಂದ ಏನೇ ಹೆಸ್ರಲ್ಲಿ ಹೆಚ್ಚಿಗೆ ತಗೊಂಡ್ರೂ ಅದೂ ಮಾಲಿನ ಬೆಲೆಗೇ ಸೇರುತ್ತೆ, ಬ್ಯಾಟರಿಗೆ ಈಗ 18% ಇದೆ, ಹಂಗಾಗಿ ಆ 370 ಒಳಗಡೆ 56.44 ಸರ್ಕಾರದ್ದು. ನಿಮ್ಮ ಕೈಯಲ್ಲಿ ಉಳಿದಿದ್ದು 313.56, ಬ್ಯಾಂಕ್ ಮುರ್ಕೊಂಡಿದ್ದು 358.53. ಗಿರಾಕಿ ಜೊತೆ ಜಗಳಾನೂ ಆಡಿ ಮೇಲೆ 45 ರೂಪಾಯಿ ಕೈಯಿಂದ ಹೋಯ್ತು.

ಆ 370ನ ಬಿಲ್ಲಲ್ಲೇ ತೋರ್ಸಲ್ಲ ಮೇಡಂ ಅಂತೀರ, ಗೊತ್ತು. ಬಿಲ್ 18,500, ಮಷೀನ್ ಸ್ಲಿಪ್ 18,870, ಎರಡೂ ಗಿರಾಕಿ ಕೈಯಲ್ಲೇ ಇರುತ್ತೆ. ನಿಮ್ಮ ವಿರುದ್ಧ ಸಾಕ್ಷಿ ನೀವೇ ಪ್ರಿಂಟ್ ಹಾಕಿ ಕೊಟ್ಟ ಹಾಗೆ.

ಬ್ಯಾಟರಿ ಅಂಗಡಿ, ಹಾಸನ:
ಅಯ್ಯೋ ಈ ಲೆಕ್ಕ ಯಾರೂ ಹೇಳೇ ಇರ್ಲಿಲ್ಲ. ಹಂಗಾದ್ರೆ ಏನ್ ಮಾಡ್ಲಿ, ಕಾರ್ಡೇ ಬೇಡ ಅಂದ್ಬಿಡ್ಲಾ?

ಆಡಿಟರ್:
ಬೇಡ. ತಿಂಗಳಿಗೆ ಎಷ್ಟು ಕಾರ್ಡಲ್ಲಿ ಬರುತ್ತೆ, ಎಷ್ಟು ಯುಪಿಐ, ಎಷ್ಟು ಕ್ಯಾಶ್?

ಬ್ಯಾಟರಿ ಅಂಗಡಿ, ಹಾಸನ:
ತಿಂಗಳಿಗೆ 6 ಲಕ್ಷ ಅಂದ್ಕೊಳ್ಳಿ, ಕ್ರೆಡಿಟ್ ಕಾರ್ಡು 1 ಲಕ್ಷ 20 ಸಾವಿರ ಬರಬಹುದು, ಡೆಬಿಟ್ ಒಂದ್ 40 ಸಾವಿರ. ಉಳಿದಿದ್ದೆಲ್ಲ ಯುಪಿಐ, ಕ್ಯಾಶು, ಮತ್ತೆ ಹಳ್ಳಿ ಕಡೆಯವ್ರ ಸಾಲ :)

ಆಡಿಟರ್:
ಸಾಲಕ್ಕೆ ನನ್ನ ಹತ್ರ ಔಷಧಿ ಇಲ್ಲ. ಕ್ರೆಡಿಟ್ 1.2 ಲಕ್ಷಕ್ಕೆ 1.9% ಅಂದ್ರೆ 2,280. ಡೆಬಿಟ್‌ನಲ್ಲಿ ರುಪೇ ಇದ್ರೆ ಸೊನ್ನೆ, 2020ರ ಜನವರಿಯಿಂದ ರುಪೇ ಡೆಬಿಟ್‌ಗೂ ಯುಪಿಐಗೂ ಎಂಡಿಆರ್ ಇಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಡೆಬಿಟ್‌ಗೆ ವರ್ಷಕ್ಕೆ 20 ಲಕ್ಷದೊಳಗಿನ ವ್ಯಾಪಾರಿಗೆ ಮಷೀನ್‌ನಲ್ಲಿ ಹೆಚ್ಚೆಂದ್ರೆ 0.40%, ಅದಕ್ಕಿಂತ ದೊಡ್ಡವ್ರಿಗೆ 0.90%, ಅದೂ ಒಂದು ಬಿಲ್ಲಿಗೆ ಸಾವಿರ ರೂಪಾಯಿ ದಾಟೋ ಹಾಗಿಲ್ಲ. ನೀವು ಎರಡನೇ ಸಾಲಿನವ್ರು. 40 ಸಾವಿರ ಪೂರ್ತಿ ವೀಸಾನೇ ಅಂದ್ಕೊಂಡ್ರೂ 360. ಒಟ್ಟು 2,640. ಆರು ಲಕ್ಷದ ವ್ಯಾಪಾರಕ್ಕೆ ಹಾಕಿ ನೋಡಿ, 0.44%.

ಅಂದ್ರೆ 18,500ರ ಬ್ಯಾಟರಿಗೆ 81 ರೂಪಾಯಿ ಚಿಲ್ರೆ. ಎಲ್ರಿಗೂ 18,600 ಅಂತ ಹೇಳಿ. ಆ ನೂರರಲ್ಲಿ ಜಿಎಸ್‌ಟಿ ಹೋಗಿ 84 ಉಳಿಯುತ್ತೆ, ತಿಂಗಳ ಕಾರ್ಡ್ ಖರ್ಚೆಲ್ಲ ತೀರಿತು. ಕರೆಂಟ್ ಬಿಲ್ಲು, ಹುಡುಗನ ಸಂಬಳ ಇವನ್ನೆಲ್ಲ ಗಿರಾಕಿಗೆ ಬೇರೆ ಬೇರೆ ಲೈನಲ್ಲಿ ಹಾಕಲ್ಲ ತಾನೆ, ಇದೂ ಅಂಥದ್ದೇ ಖರ್ಚು.

ಮೆಡಿಕಲ್ ಶಾಪ್, ಹುಬ್ಬಳ್ಳಿ:
ಮೇಡಂರೀ, ನಂದು ಮೆಡಿಕಲ್ ಶಾಪ್ ಐತಿ, ನಾವು ಹಂಗ ನೂರು ರೂಪಾಯಿ ಏರಿಸಾಕ ಬರಂಗಿಲ್ಲ, ಎಲ್ಲಾ ಎಂಆರ್‌ಪಿ ಮ್ಯಾಲೇ. ಇನ್ನೊಂದ್ ಕೇಳೂದೈತಿ, ಕ್ಯೂಆರ್‌ನ್ಯಾಗೂ ಒಮ್ಮೊಮ್ಮೆ ರೊಕ್ಕ ಕಡಿಮಿ ಬರಾಕತ್ತೈತಿ, ಯುಪಿಐ ಫ್ರೀ ಅಂತಾರಲ್ರೀ ಮತ್ತ?

ಆಡಿಟರ್:
ಸರ್, ನೀವಂತೂ ಮೇಲೆ ಒಂದು ರೂಪಾಯಿ ಹಾಕೋ ಹಾಗಿಲ್ಲ. ಎಂಆರ್‌ಪಿಗೆ ಮಾರಿ ಅದರ ಮೇಲೆ ಕಾರ್ಡ್ ಚಾರ್ಜ್ ತಗೊಂಡ್ರೆ ಅದು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಿದ ಲೆಕ್ಕವೇ, ಸಂಬಂಧಪಟ್ಟ ಇಲಾಖೆಯವ್ರು ಕೇಸ್ ಹಾಕಬಹುದು. ಸೋಪು, ಬಿಸ್ಕತ್ತು, ಮೊಬೈಲ್ ಚಾರ್ಜರ್ ಮಾರೋರಿಗೂ ಇದೇ ಮಾತು. ಹಾಸನದವ್ರು ಬ್ಯಾಟರಿಯನ್ನ ಎಂಆರ್‌ಪಿಗಿಂತ ಎಷ್ಟೋ ಕೆಳಗೆ ಮಾರ್ತಾರೆ, ಅದಕ್ಕೆ ಅವ್ರಿಗೆ ಜಾಗ ಇದೆ. ನಿಮಗಿರೋ ದಾರಿ ಡಿಸ್ಕೌಂಟ್ ಕಡೆಯಿಂದ. ಈಗ ರೆಗ್ಯುಲರ್ ಗಿರಾಕಿಗಳಿಗೆ 10% ಬಿಡ್ತಾ ಇದ್ರೆ ಅದನ್ನ ಯುಪಿಐ ಮತ್ತೆ ಕ್ಯಾಶ್‌ಗೆ 10, ಕಾರ್ಡ್‌ಗೆ 8 ಅಂತ ಮಾಡಿ. ಡಿಸ್ಕೌಂಟ್ ಬಿಲ್ಲಲ್ಲೇ ತೋರ್ಸಿದ್ರೆ ಉಳಿದ ಮೊತ್ತಕ್ಕೆ ಮಾತ್ರ ಜಿಎಸ್‌ಟಿ, ಅಂದ್ರೆ ಮೇಲೆ ಹಾಕಿದ್ರೆ ಟ್ಯಾಕ್ಸ್ ಏರುತ್ತೆ, ಕೆಳಗೆ ಇಳಿಸಿದ್ರೆ ಟ್ಯಾಕ್ಸೂ ಇಳಿಯುತ್ತೆ.

ಕ್ಯೂಆರ್ ವಿಷ್ಯ: ಅದು ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐ ಆ್ಯಪ್‌ಗೆ ಲಿಂಕ್ ಮಾಡಿ ಸ್ಕ್ಯಾನ್ ಮಾಡಿರೋದು. ನೋಡೋಕೆ ಯುಪಿಐ, ಒಳಗೆ ಕ್ರೆಡಿಟ್ ಕಾರ್ಡು. ನೀವು ಸಣ್ಣ ವ್ಯಾಪಾರಿ ಅಂತ ಎಂಟ್ರಿ ಆಗಿದ್ರೆ 2,000 ರೂಪಾಯಿವರೆಗೆ ಏನೂ ಮುರಿಯೋ ಹಾಗಿಲ್ಲ, ಅದರ ಮೇಲಿನದ್ದಕ್ಕೆ ಕ್ರೆಡಿಟ್ ಕಾರ್ಡ್ ಥರಾನೇ ಕಟ್ ಆಗುತ್ತೆ. 2,000ದ ಒಳಗಿನದ್ದಕ್ಕೂ ಕಟ್ ಆಗ್ತಿದ್ರೆ ಕ್ಯೂಆರ್ ಕೊಟ್ಟ ಕಂಪನಿಗೆ ಫೋನ್ ಮಾಡಿ ನಿಮ್ಮನ್ನ ಯಾವ ಕೆಟಗರಿಗೆ ಹಾಕಿದಾರೆ ಕೇಳಿ.

ಮೆಡಿಕಲ್ ಶಾಪ್, ಹುಬ್ಬಳ್ಳಿ:
ಹೌದ್ರೀ, ಈಗ ನೋಡಿದ್ನಿ, ಕಡಿಮಿ ಬಂದಿದ್ದೆಲ್ಲಾ ಮೂರು ನಾಕು ಸಾವಿರದ ಬಿಲ್ಲ. ಶುಗರ್ ಗುಳಿಗಿ ಒಮ್ಮೆಲೆ ಮೂರ್ ತಿಂಗಳದ್ದು ಒಯ್ತಾರಲ್ರೀ, ಅವ್ರದ್ದ.

ಕಾಂಡಿಮೆಂಟ್ಸ್, ಬೆಂಗಳೂರು:
ಇಷ್ಟೆಲ್ಲ ತಲೆಬಿಸಿ ಯಾಕೆ ಗುರು, ಓನ್ಲಿ ಕ್ಯಾಶ್ ಅಂತ ಬೋರ್ಡ್ ಹಾಕಿ, ಮುಗೀತು. ಹೋದ್ಸಲ ನೋಟಿಸ್ ಬಂದಾಗ ನಾವೆಲ್ಲ ಅದೇ ಮಾಡಿದ್ದು.

ಆಡಿಟರ್:
2025ರ ಜುಲೈಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡ್ಕೊಂಡು ನೋಟಿಸ್ ಕಳಿಸಿದಾಗ ಬೆಂಗ್ಳೂರಲ್ಲಿ ಬೇಕರಿ, ಕಾಂಡಿಮೆಂಟ್ಸ್ ಮುಂದೆಲ್ಲ ಆ ಬೋರ್ಡ್ ನೇತಾಡ್ತಿತ್ತು, ನೆನಪಿದೆ. ಆದ್ರೆ ಮಾಲು ಮಾರೋರಿಗೆ 40 ಲಕ್ಷ, ಸೇವೆಗೆ 20 ಲಕ್ಷ ಅನ್ನೋ ಜಿಎಸ್‌ಟಿ ಮಿತಿಗೆ ಕ್ಯಾಶೂ ಸೇರುತ್ತೆ ಸರ್. ಕ್ಯಾಶ್ ತಗೊಂಡ ಮಾತ್ರಕ್ಕೆ ಟರ್ನೋವರ್ ಮಾಯ ಆಗಲ್ಲ, ನೀವು ಮಾಲು ಖರೀದಿ ಮಾಡಿದ ಬಿಲ್‌ಗಳು ಎಲ್ಲೂ ಹೋಗಿರಲ್ಲ.

ಕ್ಯಾಶ್ ತಗೊಂಡ್ರೆ ಖರ್ಚೇ ಇಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. 44ಎಡಿ ಅಂತ ನಾವು ಕರೀತಾ ಬಂದಿರೋ ಅಂದಾಜು ಲಾಭದ ಸ್ಕೀಮಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೋರಿಗೆ ಬ್ಯಾಂಕ್ ಮೂಲಕ ಬಂದ ದುಡ್ಡಿಗೆ 6% ಲಾಭ ತೋರ್ಸಿದ್ರೆ ಸಾಕು, ಕ್ಯಾಶಲ್ಲಿ ಬಂದಿದ್ದಕ್ಕೆ 8%. ಲಕ್ಷಕ್ಕೆ ಎರಡು ಸಾವಿರ ಆದಾಯ ಜಾಸ್ತಿ ಕಾಣುತ್ತೆ. ಇನ್ನು ಒಬ್ಬ ಗಿರಾಕಿಯಿಂದ ಒಂದೇ ದಿನ 2 ಲಕ್ಷ ಅಥವಾ ಮೇಲೆ ಕ್ಯಾಶ್ ತಗೊಳ್ಳೋ ಹಾಗೇ ಇಲ್ಲ, ತಗೊಂಡ್ರೆ ಅಷ್ಟೇ ಮೊತ್ತದ ದಂಡ. ಕಾಂಡಿಮೆಂಟ್ಸ್‌ಗೆ ಇದು ಬೇಕಾಗಲ್ಲ, ಚಿನ್ನದಂಗಡಿ, ಫರ್ನಿಚರ್ ಅಂಗಡಿಯವ್ರು ಇಲ್ಲಿ ಓದ್ತಾ ಇದ್ರೆ ಅವ್ರಿಗೆ ಹೇಳಿದ್ದು.

ಗಿರಾಕಿ, ಮೈಸೂರು:
ಮೇಡಂ ನಾನು ಅಂಗಡಿಯವ್ಳಲ್ಲ, ಗ್ರೂಪಲ್ಲಿ ಕೇಳ್ಬಹುದಾ? ಇಲ್ಲಿ ಒಂದು ಫರ್ನಿಚರ್ ಅಂಗಡೀಲಿ ಮಂಚಕ್ಕೆ ರುಪೇ ಡೆಬಿಟ್ ಕಾರ್ಡ್ ಕೊಟ್ಟೆ, 2% ಸೇರಿಸಿ ಹೊಡೆದ್ರು. ಎಲ್ಲ ಕಾರ್ಡೂ ಒಂದೇ ಅಂದ್ರು.

ಆಡಿಟರ್:
ಧಾರಾಳವಾಗಿ ಕೇಳಿ. ರುಪೇ ಡೆಬಿಟ್‌ಗೆ ಅವ್ರಿಗೆ ಖರ್ಚೇ ಇಲ್ಲ, ಆ 2% ಅವ್ರಿಗೆ ಬಿಟ್ಟಿ ದುಡ್ಡು. ಬಿಲ್ಲು ಮತ್ತೆ ಚಾರ್ಜ್ ಸ್ಲಿಪ್ ಎರಡೂ ಇಟ್ಕೊಳ್ಳಿ. ಸ್ಲಿಪ್ ಮೇಲೆ ಮಷೀನ್ ಯಾವ ಬ್ಯಾಂಕಿಂದು ಅಂತ ಇರುತ್ತೆ, ದೂರು ಕೊಡೋದು ಆ ಬ್ಯಾಂಕಿಗೆ. ಅದಕ್ಕೂ ಮುಂಚೆ ಅಂಗಡಿಗೇ ಹೋಗಿ ಸಮಾಧಾನವಾಗಿ ಡೆಬಿಟ್ ಕಾರ್ಡ್‌ಗೆ ತಗೊಳ್ಳೋ ಹಾಗಿಲ್ಲ, ವಾಪಸ್ ಕೊಡಿ ಅಂತ ಕೇಳಿ, ಸುಮಾರು ಜನ ಕೊಟ್ಬಿಡ್ತಾರೆ. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು.

ಗ್ರೂಪ್ ಸದಸ್ಯ, ನ್ಯೂಜೆರ್ಸಿ:
ನಮ್ಮಲ್ಲಿ ಇಂಡಿಯನ್ ಗ್ರೋಸರಿ ಅಂಗಡೀಲಿ 3% ಅಂತ ದೊಡ್ಡದಾಗೇ ಬರೆದಿರ್ತಾರೆ, ಇಲ್ಲಿ ಲೀಗಲ್ ಅಂತೆ?

ಆಡಿಟರ್:
ಅಮೆರಿಕದಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಕ್ರೆಡಿಟ್ ಕಾರ್ಡ್‌ಗೆ ತಗೋಬಹುದು, ವೀಸಾ ತನ್ನ ಮಿತಿಯನ್ನ 2023ರಲ್ಲಿ 4ರಿಂದ 3%ಗೆ ಇಳಿಸಿದೆ. ಡೆಬಿಟ್‌ಗೆ ಅಲ್ಲೂ ಇಲ್ಲ. ಬ್ರಿಟನ್‌ನಲ್ಲಿ 2018ರ ಜನವರಿಯಿಂದ ಸಾಮಾನ್ಯ ಗ್ರಾಹಕರ ಕಾರ್ಡ್‌ಗಳಿಗೆ ಪೂರ್ತಿ ಬಂದ್. ಅಲ್ಲಿಯ ನಿಯಮ ಇಲ್ಲಿ ನಡೆಯಲ್ಲ, ಹಾಸನದವ್ರಿಗೆ ಯಾರೂ ಇದನ್ನ ಫಾರ್ವರ್ಡ್ ಮಾಡ್ಬೇಡಿ.

ಬ್ಯಾಟರಿ ಅಂಗಡಿ, ಹಾಸನ:
ಓದಿದೆ ಮೇಡಂ :) ಆದ್ರೆ ಪಕ್ಕದ ಅಂಗಡಿಯವ್ನು 18,500 ಅಂತಾನೆ, ನಾನು 18,600 ಅಂದ್ರೆ ಗಿರಾಕಿ ನೂರು ರೂಪಾಯಿಗೆ ಅಲ್ಲಿಗೆ ಹೋಗ್ತಾನೆ. ನಮ್ಮ ಲೈನಲ್ಲಿ ಐವತ್ತು ರೂಪಾಯಿಗೂ ನಾಕು ಅಂಗಡಿ ಸುತ್ತೋರು ಇದಾರೆ.

ಆಡಿಟರ್:
ನಿಮ್ಮ ಲೈನಲ್ಲಿ ಹಳೇ ಬ್ಯಾಟರಿ ಎಕ್ಸ್‌ಚೇಂಜ್ ಇದ್ಯಲ್ಲ, ರೇಟ್ ಎಲ್ಲ ಆಟ ಆಡೋದೇ ಅಲ್ಲಿ. ಹೊಸದರ ಬೆಲೆ 18,500 ಅಂತಾನೇ ಇಟ್ಟು ಹಳೇ ಬ್ಯಾಟರಿಗೆ ನೀವು ಕೊಡೋ ರೇಟಲ್ಲಿ ನೂರು ಕಡಿಮೆ ಮಾಡಿ, ಇಲ್ಲಾ ಮನೆಗೆ ಹೋಗಿ ಫಿಟ್ ಮಾಡಿ ಡಿಸ್ಟಿಲ್ಡ್ ವಾಟರ್ ಹಾಕಿ ಕೊಡ್ತೀರಲ್ಲ, ಅದಕ್ಕೆ ನೂರು ಫಿಟ್ಟಿಂಗ್ ಚಾರ್ಜ್ ಇಡಿ. ಯಾವ್ದೇ ಮಾಡಿದ್ರೂ ಎಲ್ಲ ಗಿರಾಕಿಗೂ ಒಂದೇ ಆಗಿರ್ಬೇಕು, ಬಿಲ್ಲಲ್ಲೂ ಬರಬೇಕು. ಕಾರ್ಡ್ ತೆಗೆದ ತಕ್ಷಣ ಫಿಟ್ಟಿಂಗ್ ಚಾರ್ಜ್ ನೆನಪಾದ್ರೆ ಅದು ಹಳೇ 2% ಇನ್ನೊಂದ್ ಹೆಸ್ರಲ್ಲಿ, ಗಿರಾಕಿಗೂ ಗೊತ್ತಾಗುತ್ತೆ.

ಮತ್ತೆ ಬ್ಯಾಂಕ್ ಜೊತೆ ಮಾತಾಡಿ. ಕ್ರೆಡಿಟ್ ಕಾರ್ಡ್ ರೇಟಿಗೆ ಆರ್‌ಬಿಐ ಮಿತಿ ಇಲ್ಲ ಅಂದ್ರೆ ಚೌಕಾಸಿಗೆ ಜಾಗ ಇದೆ ಅಂತಾನೇ. ಮಷೀನ್ ಕೊಟ್ಟವ್ರ ಹತ್ರ ಪೂರ್ತಿ ರೇಟ್ ಶೀಟ್ ಕೇಳಿ, ಮಾಮೂಲಿ ಕಾರ್ಡು, ಪ್ರೀಮಿಯಂ, ಕಂಪನಿ ಕಾರ್ಡು, ಫಾರಿನ್ ಕಾರ್ಡು ಹಿಂಗೆ ಒಂದೊಂದಕ್ಕೆ ಒಂದೊಂದು ರೇಟ್ ಇರಬಹುದು, ಮಷೀನ್ ಬಾಡಿಗೆ ಬೇರೆ ಇರುತ್ತೆ. ಇನ್ನೊಂದು ಬ್ಯಾಂಕಿಂದ ಕೊಟೇಶನ್ ತಂದು ಮೇಜಿನ ಮೇಲಿಟ್ಟು ಕೇಳಿ. 1.9ನ 1.7 ಮಾಡಿದ್ರೂ ನಿಮ್ಮ 1.2 ಲಕ್ಷಕ್ಕೆ ತಿಂಗಳಿಗೆ 240 ಉಳೀತು, ಬಾಡಿಗೇಲಿ ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ ಬಿಡ್ತಾರೆ, ಮೊದ್ಲು ಬಾಡಿಗೆನೇ ಕೇಳಿ.